ಸುಲಿದರೂ ಬದುಕುವ ಮರ: ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ಕಳೆದ ಸಂಚಿಕೆಯಲ್ಲಿ ಪೋರ್ಚುಗಲ್ಲಿನ ಕಾರ್ಕ್ ಓಕ್ ತೋಪಿನ ಚಿತ್ರವೊಂದನ್ನು ಹಾಕಿದ್ದೆವು. ಕೊಂಬೆ ಕವಲೊಡೆಯುವವರೆಗೂ ತೊಗಟೆ ಕಳಚಿಕೊಂಡು ಕೆಂಪಗೆ ನಿಂತ ಮರಗಳು, ಒಂದೊಂದರ ಮೇಲೂ ಬಿಳಿ ಬಣ್ಣದಲ್ಲಿ ಬರೆದ ಒಂದು ಅಂಕಿ. ಅದಕ್ಕೆ ಬಂದಷ್ಟು ಪತ್ರಗಳು ಈ ಅಂಕಣಕ್ಕೆ ಮಾವಿನ ಹೂ ಉದುರುವ ಕಾಲದಲ್ಲೂ ಬರುವುದಿಲ್ಲ. ಹಾಗಾಗಿ ಈ ಸಲ ಬೇರೆ ಗಿಡಗಳಿಗೆ ರಜೆ. ಮಗಳು ಲಿಸ್ಬನ್ನಿನಲ್ಲಿ ಕೆಲಸದಲ್ಲಿರುವುದರಿಂದ ಒಂದು ಬೇಸಿಗೆ ಅಲ್ಲಿ ಕಳೆದಿದ್ದೆ. ಕುರೂಶ್ ಎಂಬ ಊರಿನ ಸುತ್ತಲಿನ ತೋಪುಗಳಲ್ಲಿ ಈ ಕೆಲಸವನ್ನು ಹತ್ತಿರ ನಿಂತು ನೋಡಿದ್ದೇನೆ. ತೊಗಟೆಯ ಅಡ್ಡಸೀಳಿಕೆಯನ್ನು ಕಪ್ಪುಹಲಗೆಯ ಮೇಲೆ ಬರೆದು ಅಳಿಸುವುದರಲ್ಲೇ ನೌಕರಿ ಮುಗಿಸಿದವನು ನಾನು. ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಪ್ರಶ್ನೆ: ನಾವು ರಬ್ಬರ್ ಬೆಳೆಯುವವರು. ಟ್ಯಾಪಿಂಗ್ ಚಾಕು ಕೂದಲೆಳೆಯಷ್ಟು ಒಳಗೆ ಹೋದರೂ ತೊಗಟೆ ಗಂಟುಗಟ್ಟುತ್ತದೆ. ಹಾಗಿರುವಾಗ ಸುತ್ತಲೂ ಸುಲಿದ ಮರ ಬದುಕುವುದು ಹೇಗೆ? ಬೇಡದ ಮರವನ್ನು ನಿಂತಲ್ಲೇ ಒಣಗಿಸಲು ನಮ್ಮ ಕಡೆ ಮಾಡುವುದೂ ಇದನ್ನೇ ಅಲ್ಲವೇ? – ರಬ್ಬರ್ ಬೆಳೆಗಾರರು, ಸುಳ್ಯ

ನಿಮ್ಮ ಅನುಮಾನ ನ್ಯಾಯವಾದದ್ದೇ. ಹಲಸನ್ನೋ ಮಾವನ್ನೋ ಹೀಗೆ ಸುಲಿದರೆ ಮರ ಸಾಯುತ್ತದೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಆ ಪದರವೂ ಹೋಯಿತೆಂದರೆ ಬೇರಿಗೆ ಉಪವಾಸ.

ಕಾರ್ಕ್ ಓಕ್ ತೊಗಟೆಯಲ್ಲಿ ಎರಡು ಭಾಗಗಳಿವೆ. ಒಳಗಿನದು ತೇವವುಳ್ಳ ಜೀವಂತ ತೊಗಟೆ, ಆಹಾರ ಸಾಗುವುದು ಅದರಲ್ಲಿ. ಹೊರಗಿನದು ಸತ್ತ ಕೋಶಗಳ ದಪ್ಪ ಹೊದಿಕೆ. ಕಾರ್ಕ್ ಎಂದರೆ ಇದೇ. ಇವೆರಡರ ನಡುವೆ ಫೆಲೋಜೆನ್ ಎಂಬ ತೆಳ್ಳನೆಯ ಪದರವಿದ್ದು, ಹೊರಮುಖವಾಗಿ ಕಾರ್ಕ್ ಕೋಶಗಳನ್ನು ಹುಟ್ಟಿಸುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ಈ ಪದರ ಚುರುಕಾಗಿ ಬೆಳೆಯುವಾಗ ಅದರ ಕೋಶಗಳು ಎಳಸಾಗಿ, ಗೋಡೆ ತೆಳುವಾಗಿ, ಎಳೆದರೆ ಹರಿದುಬರುವಷ್ಟು ಮೆದುವಾಗಿರುತ್ತವೆ. ಕೊಡಲಿ ಹಿಡಿದವನು ಮರವನ್ನು ಬಿಡಿಸುವುದು ಆ ರೇಖೆಯಲ್ಲಿ. ಒಳತೊಗಟೆ ಮರದ ಮೇಲೆ ಹಾಗೆಯೇ ಉಳಿಯುತ್ತದೆ. ಹರಿದುಹೋದ ಫೆಲೋಜೆನ್ ಒಣಗುತ್ತದೆ, ಆದರೆ ಅದರ ಹಿಂದಿನ ಜೀವಂತ ತೊಗಟೆಯೊಳಗೆ ಕೆಲವೇ ವಾರಗಳಲ್ಲಿ ಹೊಸ ಫೆಲೋಜೆನ್ ಮೂಡಿ ಮತ್ತೆ ಕಾರ್ಕ್ ಕಟ್ಟತೊಡಗುತ್ತದೆ. ಬೇರೆ ಮರಗಳಲ್ಲೂ ಇಂಥ ಪದರವಿದೆ. ಇಷ್ಟು ದೊಡ್ಡ ಹಾಳೆಗಳಾಗಿ ಕಿತ್ತರೂ ಇಡೀ ಕಾಂಡದ ಸುತ್ತ ಅದನ್ನು ಹೊಸದಾಗಿ ಕಟ್ಟಿಕೊಳ್ಳುವ ಶಕ್ತಿ ಮಾತ್ರ ಇದರ ವಿಶೇಷ.

ಚಳಿಗಾಲದಲ್ಲಿ ಇದೇ ಕೊಡಲಿ ಹಾಕಿದರೆ ಹೊರತೊಗಟೆಯ ಜೊತೆ ಒಳತೊಗಟೆಯೂ ಕಿತ್ತುಬಂದು ಮರ ಹಾಳಾಗುತ್ತದೆ. ಅದಕ್ಕೇ ಈ ಕೆಲಸ ನಡೆಯುವುದು ಮೇ ಕೊನೆಯಿಂದ ಆಗಸ್ಟ್‌ವರೆಗೆ. ಆ ತಿಂಗಳುಗಳಲ್ಲೂ ಮಳೆ ಬಿದ್ದರೆ ಅಥವಾ ಒಣಗಾಳಿ ಬೀಸಿದರೆ ಕೊಡಲಿ ಕೆಳಗಿಡುತ್ತಾರೆ.

ನೀವು ರಬ್ಬರ್‌ನವರಾದ್ದರಿಂದ ಇನ್ನೊಂದು ಮಾತು ಹೇಳಬೇಕು. ನಿಮ್ಮಲ್ಲಿ ನೆಲದಿಂದ 125 ಸೆಂ.ಮೀ. ಎತ್ತರದಲ್ಲಿ ಸುತ್ತಳತೆ 50 ಸೆಂ.ಮೀ. ಆದ ಮೇಲೆ ಟ್ಯಾಪಿಂಗ್ ಶುರು. ಅಲ್ಲಿ 130 ಸೆಂ.ಮೀ. ಎತ್ತರದಲ್ಲಿ ಸುತ್ತಳತೆ 70 ಸೆಂ.ಮೀ. ಆಗದೆ ಮೊದಲ ಸುಲಿತ ಮಾಡುವಂತಿಲ್ಲ, ಅದು ಕಾನೂನು. ನಿಮ್ಮ ಮರ ಸುಮಾರು ಏಳು ವರ್ಷಕ್ಕೆ ಆ ಅಳತೆ ಮುಟ್ಟುತ್ತದೆ, ಅವರದ್ದಕ್ಕೆ ಇಪ್ಪತ್ತೈದು ಬೇಕು. ನೀವು ದಿನ ಬಿಟ್ಟು ದಿನ ಚಾಕು ಹಾಕುತ್ತೀರಿ, ಪೋರ್ಚುಗಲ್ಲಿನಲ್ಲಿ ಒಂದು ಸುಲಿತಕ್ಕೂ ಇನ್ನೊಂದಕ್ಕೂ ಕನಿಷ್ಠ 9 ವರ್ಷಗಳ ಅಂತರ ಇರಲೇಬೇಕು. ಎಷ್ಟು ಎತ್ತರದವರೆಗೆ ಸುಲಿಯಬಹುದು ಎಂಬುದಕ್ಕೂ ಮರದ ಸುತ್ತಳತೆಯ ಲೆಕ್ಕ ಉಂಟು. ಕಳೆದ ಸಂಚಿಕೆಯ ಚಿತ್ರದಲ್ಲಿದ್ದ ಬಿಳಿ ಅಂಕಿ ಸುಲಿದ ವರ್ಷದ ಕೊನೆಯ ಅಂಕಿ. 2023ರಲ್ಲಿ ಸುಲಿದ ಮರಕ್ಕೆ 3 ಎಂದು ಬರೆದರೆ 2032ರವರೆಗೆ ಅದರ ಹತ್ತಿರ ಯಾರೂ ಕೊಡಲಿ ತರುವುದಿಲ್ಲ.

ಪ್ರಶ್ನೆ: ಸುಲಿಯುವ ಕ್ರಮವನ್ನು ವಿವರವಾಗಿ ತಿಳಿಸುವಿರಾ? ಇಂದಿಗೂ ಯಂತ್ರ ಬಂದಿಲ್ಲವೇ? – ಕೃಷಿ ವಿದ್ಯಾರ್ಥಿನಿ, ಧಾರವಾಡ

ಒಂದು ಮರಕ್ಕೆ ಸಾಮಾನ್ಯವಾಗಿ ಇಬ್ಬರು. ಕೊಡಲಿಯ ಅಲಗು ಬಾಗಿದ್ದು, ಮೂಲೆಗಳು ಚೂಪು. ಕಾವಿನ ತುದಿಯನ್ನು ಬೆಣೆಯ ಹಾಗೆ ಓರೆಯಾಗಿ ಕೆತ್ತಿರುತ್ತಾರೆ. ನಮ್ಮ ಸೌದೆ ಕೊಡಲಿಯಂತೆ ತಲೆಯ ಮೇಲಿಂದ ಬೀಸಿ ಹೊಡೆಯುವ ವಸ್ತು ಅಲ್ಲ ಅದು.

ಮೊದಲು ತೊಗಟೆಯಲ್ಲಿ ತಾನಾಗಿ ಬಿಟ್ಟ ಆಳವಾದ ಬಿರುಕನ್ನು ಹುಡುಕಿ ಅದರುದ್ದಕ್ಕೂ ಮೇಲಿನಿಂದ ಕೆಳಕ್ಕೆ ಕಚ್ಚು ಹಾಕುತ್ತಾರೆ. ಪ್ರತಿ ಏಟಿಗೂ ಅಲಗನ್ನು ತುಸು ತಿರುಚುತ್ತಾರೆ. ಆಗ ಬರುವ ಸದ್ದಿನ ಮೇಲೆ ಎಲ್ಲವೂ ನಿಂತಿದೆ. ಹರಿಯುವಂಥ ಟೊಳ್ಳು ಸದ್ದು ಬಂದರೆ ತೊಗಟೆ ಬಿಡಲು ಸಿದ್ಧವಾಗಿದೆ ಎಂದರ್ಥ. ಚುಟುಕಾದ ಒಣ ಸದ್ದು ಬಂದರೆ ಅಂಟಿಕೊಂಡಿದೆ. ನಾನು ನೋಡುತ್ತಿದ್ದಾಗ ಹಿರಿಯ ಕೆಲಸಗಾರನೊಬ್ಬ ಒಂದು ಮರಕ್ಕೆ ಕೆಲವು ಏಟು ಹಾಕಿ, ತಲೆಯಾಡಿಸಿ, ಜೊತೆಗಾರನಿಗೆ ಏನೋ ಗೊಣಗಿ ಮುಂದಿನ ಮರಕ್ಕೆ ಹೋಗಿಬಿಟ್ಟ. ಎರಡೂ ಮರಗಳ ನಡುವೆ ಹತ್ತು ಮಾರು ದೂರವಿದ್ದಿತು, ವಯಸ್ಸೂ ಒಂದೇ ಇದ್ದಂತಿತ್ತು. ಯಾಕೆಂದು ಕೇಳಿದೆ. ಈ ವರ್ಷ ಅದು ಕೊಡುವುದಿಲ್ಲ, ಬರುವ ವರ್ಷ ನೋಡೋಣ ಎಂದನಂತೆ; ಮಗಳು ಅನುವಾದಿಸಿದಳು. ಈ ಕಸುಬಿನ ಹೆಚ್ಚುಗಾರಿಕೆ ಇರುವುದು ಸುಲಿಯುವುದರಲ್ಲಿ ಎನ್ನುವುದಕ್ಕಿಂತ ಹೀಗೆ ಬಿಟ್ಟು ಹೋಗುವುದರಲ್ಲಿ ಎಂದು ನನಗೆ ಅನಿಸಿದ್ದು ಆಗ. ದಿನಗೂಲಿಯವನಿಗೆ ಮರ ಬಿಡುವುದು ಸುಲಭವಲ್ಲ.

ಕಚ್ಚು ಹಾಕಿದ ಮೇಲೆ ಅಲಗನ್ನು ಹೊರತೊಗಟೆ ಒಳತೊಗಟೆಗಳ ನಡುವೆ ತೂರಿಸಿ ಮೀಟುತ್ತಾರೆ. ಎಷ್ಟು ಎತ್ತರದ ತುಂಡು ಬೇಕೋ ಅಲ್ಲಿಗೆ ಅಡ್ಡ ಗೆರೆ ಕೊರೆಯುತ್ತಾರೆ. ಅನುಭವವಿಲ್ಲದವರು ಮರಕ್ಕೆ ಗಾಯ ಮಾಡುವುದು ಹೆಚ್ಚಾಗಿ ಈ ಅಡ್ಡ ಗೆರೆಯಲ್ಲಿ. ಏಟು ಒಂದಿಷ್ಟು ಹೆಚ್ಚಾದರೆ ಒಳತೊಗಟೆ ಕತ್ತರಿಸಿಹೋಗಿ, ಆ ಕಲೆ ಮರ ಬದುಕಿರುವವರೆಗೂ ಉಳಿಯುತ್ತದೆ. ಬಳಿಕ ಕೊಡಲಿಯನ್ನು ತಿರುಗಿಸಿ ಕಾವಿನ ಬೆಣೆಯನ್ನು ಸಂದಿಗೆ ಕೊಟ್ಟು ಒತ್ತಿದರೆ, ಅಡಿಕೆ ಮರದಿಂದ ಹಾಳೆ ಕಳಚಿದ ಹಾಗೆ, ಇಡೀ ಪಟ್ಟೆ ಬಾಗಿದ ಆಕಾರದಲ್ಲೇ ಕೈಗೆ ಬರುತ್ತದೆ. ದೊಡ್ಡ ಪಟ್ಟೆ ಬಂದಷ್ಟೂ ಬೆಲೆ ಹೆಚ್ಚು, ಹಾಗಾಗಿ ಒಡೆಯದಂತೆ ಇಳಿಸುವುದಕ್ಕೇ ಇನ್ನೊಬ್ಬ ಬೇಕು. ಕೊನೆಗೆ ಬುಡದಲ್ಲಿ ಉಳಿದ ಚೂರುಗಳನ್ನು ಕೊಡಲಿಯಿಂದ ತಟ್ಟಿ ಉದುರಿಸುತ್ತಾರೆ, ಇಲ್ಲದಿದ್ದರೆ ಅಲ್ಲಿ ಹುಳ ಸೇರುತ್ತದೆ.

ಆಗ ತಾನೇ ಸುಲಿದ ಕಾಂಡವನ್ನು ಮುಟ್ಟಿ ನೋಡಿದೆ. ತಣ್ಣಗೆ, ಒದ್ದೆಯಾಗಿ, ತಿಳಿ ಹಳದಿಗೆ ಗುಲಾಬಿ ಬೆರೆತ ಬಣ್ಣ. ಗಾಳಿ ತಾಗುತ್ತಾ ಹೋದಂತೆ ಕೆಂಪಾಗಿ, ವರ್ಷಗಳು ಕಳೆದಂತೆ ಕಂದಾಗಿ, ಆಮೇಲೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ತೋಪಿನಲ್ಲಿ ನಡೆಯುವಾಗ ಅಂಕಿ ನೋಡದೆಯೂ ಯಾವ ಮರ ಎಷ್ಟು ಹಳೆಯ ಸುಲಿತದ್ದು ಎಂದು ಅಂದಾಜು ಮಾಡಬಹುದು.

ಯಂತ್ರ ಬಂದಿದೆ. ತೊಗಟೆಯ ತೇವವನ್ನು ಗುರುತಿಸಿ ಆಳ ತಿಳಿಸುವ ಬ್ಯಾಟರಿ ಗರಗಸಗಳಿವೆ. ಆದರೂ ಹೆಚ್ಚಿನ ಕಡೆ ಇನ್ನೂ ಕೊಡಲಿಯದೇ ಕಾರುಬಾರು. ಯುರೋಪಿನ ಕೃಷಿ ಕೂಲಿಗಳಲ್ಲಿ ಇದಕ್ಕೆ ಸಿಗುವಷ್ಟು ಹಣ ಸಿಗುವ ಕೆಲಸಗಳು ಕಡಿಮೆ. ಹಾಗಿದ್ದೂ ವರ್ಷಕ್ಕೆ ಕೆಲವೇ ತಿಂಗಳ ಸಂಪಾದನೆ, ಸುಡುವ ಬಿಸಿಲು, ಕಲಿಯಲು ಹಿಡಿಯುವ ವರ್ಷಗಳು ಇವನ್ನೆಲ್ಲ ನೋಡಿ ಹುಡುಗರು ಊರು ಬಿಡುತ್ತಿದ್ದಾರೆ. ಇದು ನಮ್ಮ ಅಡಿಕೆ ಕೊನೆಗಾರರ ಕಥೆಯೂ ಹೌದು.

ಪ್ರಶ್ನೆ: ನಾನು ಹೋಟೆಲಿನಲ್ಲಿ ಕೆಲಸ ಮಾಡುತ್ತೇನೆ. ಬಾಟಲಿಯ ಬಿರಡೆಗಳಲ್ಲಿ ಅಡ್ಡಡ್ಡ ಕಂದು ಗೆರೆಗಳಿರುತ್ತವೆ. ಕೆಲವು ನುಣುಪು, ಕೆಲವು ಪುಡಿ ಅಂಟಿಸಿದಂತೆ. ಏಕೆ? – ಮಂಗಳೂರು

ಆ ಗೆರೆಗಳು ಮರ ಉಸಿರಾಡುವ ರಂಧ್ರಗಳು. ಅವು ತೊಗಟೆಯ ಒಳಗಿನಿಂದ ಹೊರಕ್ಕೆ ಹಾದಿರುತ್ತವೆ. ಬಿರಡೆಯನ್ನು ಅದೇ ದಿಕ್ಕಿನಲ್ಲಿ ಕೊರೆದರೆ ರಂಧ್ರಗಳು ಬಾಟಲಿಯ ಒಳಗಿನಿಂದ ಹೊರಗೆ ಸುರಂಗವಾಗಿ ದ್ರವ ಸೋರುತ್ತದೆ. ಅದಕ್ಕೇ ಮರ ನಿಂತ ದಿಕ್ಕಿಗೆ ಸಮಾನಾಂತರವಾಗಿ ಕೊರೆಯುತ್ತಾರೆ. ರಂಧ್ರಗಳು ಅಡ್ಡಲಾಗಿ ಬಾಟಲಿಯ ಕತ್ತಿನ ಗಾಜಿಗೆ ಮುಖ ಮಾಡಿ ಮುಚ್ಚಿಕೊಳ್ಳುತ್ತವೆ. ಬಿರಡೆಯ ಅಡ್ಡಳತೆ ಸುಮಾರು 24 ಮಿ.ಮೀ. ತೊಗಟೆ ಅದಕ್ಕಿಂತ ದಪ್ಪವಾಗದೆ ಬಿರಡೆ ಹೊರಡುವುದಿಲ್ಲ. ಒಂಬತ್ತು ವರ್ಷ ಕಾಯುವುದರ ಹಿಂದೆ ಈ ಲೆಕ್ಕವೂ ಇದೆ.

ಪಟ್ಟೆಗಳನ್ನು ಬಯಲಿನಲ್ಲಿ ತಿಂಗಳುಗಟ್ಟಲೆ ಪೇರಿಸಿಟ್ಟು, ಕುದಿಯುವ ನೀರಿನಲ್ಲಿ ಸುಮಾರು ಒಂದು ಗಂಟೆ ಬೇಯಿಸಿ ಚಪ್ಪಟೆ ಮಾಡಿದ ಮೇಲೆಯೇ ಕೊರೆತ. ಮೊದಲ ಸುಲಿತದ ತೊಗಟೆ ಒರಟು, ಬಿರುಕು ಬಿರುಕು. ಎರಡನೆಯದೂ ಬಿರಡೆಗೆ ಒದಗುವುದಿಲ್ಲ. ಮೂರನೆಯದರಿಂದ ಮಾತ್ರ ನೀವು ಹೇಳುವ ನುಣುಪಿನ ಇಡೀ ಬಿರಡೆ. ಉಳಿದದ್ದೂ ಕೊರೆದು ಬಿದ್ದದ್ದೂ ಪುಡಿಯಾಗಿ, ಅಂಟಿಸಿದ ಬಿರಡೆ, ನೆಲಹಾಸು, ಗೋಡೆಯ ಹೊದಿಕೆ ಆಗುತ್ತದೆ. ಬಿಸಿಯನ್ನೂ ಸದ್ದನ್ನೂ ತಡೆಯುವುದರಲ್ಲಿ ಇದಕ್ಕೆ ಸರಿಸಾಟಿ ಕಡಿಮೆ, ಏಕೆಂದರೆ ಒಂದು ಘನ ಸೆಂಟಿಮೀಟರಿನಲ್ಲಿ ಗಾಳಿ ತುಂಬಿದ ಸುಮಾರು 4 ಕೋಟಿ ಕೋಶಗಳಿರುತ್ತವೆ. 1665ರಲ್ಲಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಡಿ ಕಂಡು ಚಿತ್ರ ಬರೆದದ್ದು ಇವನ್ನೇ. ನನ್ನ ವಿದ್ಯಾರ್ಥಿಗಳು ಪರೀಕ್ಷೆಗೆ ಬಾಯಿಪಾಠ ಮಾಡುತ್ತಿದ್ದ ಆ ಇಸವಿಯ ಹಿಂದೆ ಇಂಥ ಮರವೊಂದು ಇತ್ತು ಎಂದು ಯಾರೂ ಅವರಿಗೆ ಹೇಳುತ್ತಿರಲಿಲ್ಲ, ಪಠ್ಯಪುಸ್ತಕದಲ್ಲಿ ಇರಲಿಲ್ಲ.

ಪ್ರಶ್ನೆ: ಮರದ ಚರ್ಮ ಸುಲಿಯುವುದು ಹಿಂಸೆಯಲ್ಲವೇ? ಪ್ಲಾಸ್ಟಿಕ್ ಬಿರಡೆಯೋ ತಿರುಗಿಸುವ ಲೋಹದ ಮುಚ್ಚಳವೋ ಬಂದ ಮೇಲೂ ಇದೇಕೆ? – ಕೋಲಾರ

ನೀವು ಕೋಲಾರದವರು, ಆದ್ದರಿಂದ ಬೇಗ ಅರ್ಥವಾಗುತ್ತದೆ. ತೊಗಟೆಗೆ ಬೆಲೆ ಇಲ್ಲದಿದ್ದರೆ ಜಮೀನಿನ ಒಡೆಯ ಮರವನ್ನು ಪೂಜೆಗೆ ಇಟ್ಟುಕೊಳ್ಳುವುದಿಲ್ಲ, ಬೇರೆ ಏನಾದರೂ ನೆಡುತ್ತಾನೆ. ಪೋರ್ಚುಗಲ್ಲಿನಲ್ಲಿ ಆ ಬೇರೆ ಏನಾದರೂ ಅನೇಕ ಕಡೆ ನಮ್ಮ ನಿಮ್ಮ ಪರಿಚಯದ ನೀಲಗಿರಿಯೇ. ಅಲ್ಲಿ ಏಳು ಲಕ್ಷ ಹೆಕ್ಟೇರಿಗೂ ಹೆಚ್ಚು ಕಾರ್ಕ್ ಓಕ್ ಉಳಿದಿರುವುದು, ಪ್ರಪಂಚದ ಕಾರ್ಕ್‌ನಲ್ಲಿ ಸುಮಾರು ಅರ್ಧ ಅಲ್ಲಿಂದಲೇ ಬರುತ್ತಿರುವುದು, ಮರ ನಿಂತಿದ್ದರೆ ಮಾತ್ರ ದುಡ್ಡು ಎಂಬ ಕಾರಣಕ್ಕೆ. ಮರಗಳ ನಡುವಿನ ಹುಲ್ಲಿನಲ್ಲಿ ಕುರಿ, ದನ ಮೇಯುತ್ತವೆ. ಉದುರಿದ ಓಕ್ ಕಾಯಿ ತಿಂದು ಕಪ್ಪು ಹಂದಿಗಳು ಕೊಬ್ಬುತ್ತವೆ. ಇಂಥ ತೋಪಿಗೆ ಅವರು ಮೊಂತಾದು ಎನ್ನುತ್ತಾರೆ. 2011ರಲ್ಲಿ ಈ ಮರವನ್ನು ರಾಷ್ಟ್ರೀಯ ಮರವೆಂದು ಅಲ್ಲಿನ ಸಂಸತ್ತು ಘೋಷಿಸಿತು. ಪರವಾನಗಿ ಇಲ್ಲದೆ ಕಡಿಯುವಂತಿಲ್ಲ.

ಹಾಗೆಂದು ಸುಲಿತದಿಂದ ಮರಕ್ಕೆ ಏನೂ ಆಗುವುದಿಲ್ಲ ಎಂದೂ ನಾನು ಹೇಳಲಾರೆ. ಸುಲಿದ ಮೇಲೆ ಕೆಲವು ಕಾಲ ಅದು ನೀರು ಕಳೆದುಕೊಳ್ಳುತ್ತದೆ, ಕಾಡ್ಗಿಚ್ಚು ಬಂದರೆ ಕಾಯುವ ಹೊದಿಕೆ ಇರುವುದಿಲ್ಲ. ಬರ ಹೆಚ್ಚುತ್ತಿದೆ. ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾ ಕುಲದ್ದೇ ಇನ್ನೊಂದು ಜೀವಿ ಅದರ ಬೇರು ಕೊಳೆಸುತ್ತಿದೆ. ಆದರೂ ಅಗ್ವಾಸ್ ದ ಮೋರಾ ಎಂಬಲ್ಲಿ 1783ರಲ್ಲಿ ನೆಟ್ಟ ಮರವೊಂದಿದೆ. ಇಪ್ಪತ್ತಕ್ಕೂ ಹೆಚ್ಚು ಸಲ ಸುಲಿಸಿಕೊಂಡು, 1991ರ ಒಂದೇ ಸುಲಿತದಲ್ಲಿ 1,200 ಕಿಲೋ ತೊಗಟೆ ಕೊಟ್ಟು, 2018ರಲ್ಲಿ ಯುರೋಪಿನ ವರ್ಷದ ಮರ ಎನಿಸಿಕೊಂಡಿತು. ಸಾಧಾರಣ ಮರವೊಂದು ಕೊಡುವುದು 40ರಿಂದ 60 ಕಿಲೋ.

ಪ್ರಶ್ನೆ: ನಮ್ಮ ಬೀದಿಯ ಆಕಾಶಮಲ್ಲಿಗೆಯನ್ನೂ ಕಾರ್ಕ್ ಮರ ಎನ್ನುತ್ತಾರೆ. ಅದರಿಂದ ಬಿರಡೆ ಮಾಡಬಹುದೇ? – ಗೃಹಿಣಿ, ಮೈಸೂರು

ಓಕ್‌ಗೂ ಅದಕ್ಕೂ ನೆಂಟಸ್ತಿಕೆಯಿಲ್ಲ. ಆಕಾಶಮಲ್ಲಿಗೆಯ ತೊಗಟೆಯೂ ಬಿರುಕುಬಿಟ್ಟು ಬೆಂಡಿನಂತಿರುವುದರಿಂದ ಹಿಂದೆ ಕಾರ್ಕ್‌ಗೆ ಬದಲಿಯಾಗಿ ಬಳಸಿದ್ದುಂಟು, ಗುಣದಲ್ಲಿ ಕೀಳು. ಹೂ ಆರಿಸಿಕೊಳ್ಳಿ, ತೊಗಟೆ ಬಿಟ್ಟುಬಿಡಿ.

ಪ್ರಶ್ನೆ: ಎರಡು ಎಕರೆ ಖಾಲಿ ಜಾಗ ಇದೆ. ಕಾರ್ಕ್ ಓಕ್ ಸಸಿ ಎಲ್ಲಿ ಸಿಗುತ್ತದೆ? – ಚಿಕ್ಕಮಗಳೂರು

ಈ ಪ್ರಶ್ನೆ ಬಂದೇ ಬರುತ್ತದೆ ಎಂದು ಗೊತ್ತಿತ್ತು. ಅದು ಚಳಿಗಾಲದಲ್ಲಿ ಮಳೆ, ಬೇಸಿಗೆಯಲ್ಲಿ ಒಣಹವೆ ಇರುವ ಮೆಡಿಟರೇನಿಯನ್ ಸೀಮೆಯ ಮರ. ನಿಮ್ಮಲ್ಲಿ ಮುಂಗಾರು ಜಡಿಯುವ ತಿಂಗಳುಗಳಲ್ಲಿಯೇ ಅದನ್ನು ಸುಲಿಯಬೇಕು. ಹೇಗೋ ಬದುಕಿತು ಎಂದೇ ಇಟ್ಟುಕೊಳ್ಳಿ. ಮೊದಲ ಸುಲಿತಕ್ಕೆ 25 ವರ್ಷ, ಆಮೇಲೆ 9, ಮತ್ತೆ 9. ಬಿರಡೆಗೆ ಯೋಗ್ಯವಾದ ಮೊದಲ ಪಟ್ಟೆ ನೋಡಲು 43 ವರ್ಷ. ನಿಮ್ಮ ಪತ್ರದಲ್ಲಿ ನಿವೃತ್ತನಾದ ಮೇಲೆ ಎಂದು ಬರೆದಿದ್ದೀರಿ. ಕಾಳುಮೆಣಸು ಹಾಕಿ.

ಪ್ರಶ್ನೆ: ಶಟಲ್ ಕಾಕ್‌ನ ಬುಡದಲ್ಲಿರುವುದೂ ಇದೇ ಕಾರ್ಕೇ? – ಬ್ಯಾಡ್ಮಿಂಟನ್ ಆಟಗಾರ, ಬೆಂಗಳೂರು

ಒಳ್ಳೆಯ ಗರಿಯ ಶಟಲ್ ಆದರೆ ಇದೇ. ತೆಳು ಚರ್ಮ ಹೊದಿಸಿದ ಕಾರ್ಕ್ ಬುಡಕ್ಕೆ 16 ಗರಿ ನೆಟ್ಟಿರುತ್ತಾರೆ, ಒಟ್ಟು ತೂಕ 4.74ರಿಂದ 5.50 ಗ್ರಾಂ. 1980ರಲ್ಲಿ ಪ್ರಕಾಶ್ ಪಡುಕೋಣೆ ಆಲ್ ಇಂಗ್ಲೆಂಡ್ ಗೆದ್ದಾಗ ಹೊಡೆದದ್ದೂ ಅಂಥದ್ದನ್ನೇ. ಕ್ರಿಕೆಟ್ ಚೆಂಡಿನ ತಿರುಳೂ ಕಾರ್ಕ್. ಕರಾವಳಿಯ ಸ್ಯಾಕ್ಸೋಫೋನ್ ವಾದಕರು ಊದುವ ತುಂಡನ್ನು ಸಿಕ್ಕಿಸುವ ಕತ್ತಿನ ಸುತ್ತಲೂ ಇದರ ಪಟ್ಟಿ ಇರುತ್ತದೆ. ನೀವು ಕೊಂಡದ್ದು ಯಾವ ಜಾತಿ ಎಂದು ತಿಳಿಯಬೇಕಾದರೆ ಗರಿ ಮುರಿದ ಹಳೆಯ ಶಟಲ್‌ನ ಬುಡವನ್ನು ಬ್ಲೇಡಿನಿಂದ ಎರಡು ಹೋಳು ಮಾಡಿ. ಒಂದೇ ತುಂಡಾಗಿದ್ದು ಕಂದು ಚುಕ್ಕೆ, ಗೆರೆಗಳು ಕಂಡರೆ ಇಡೀ ಕಾರ್ಕ್. ಸಾಸಿವೆ ಗಾತ್ರದ ಹರಳುಗಳು ಕಂಡರೆ ಪುಡಿ ಅಂಟಿಸಿದ್ದು. ಬಿಳಿ ನೊರೆಯಂತಿದ್ದರೆ ಅಂಗಡಿಯವನು ಹೇಳಿದ ಬೆಲೆಯಲ್ಲಿ ಅರ್ಧ ಕೊಟ್ಟರೆ ಸಾಕಿತ್ತು.