ಚರ್ಚ್‌ಗೆ ಹೋಗ್ತೀನಿ, ಆದ್ರೆ ನಾನು ಅಲ್ಲಿಯವಳು ಅಂತ ಅನ್ಸಲ್ಲ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಸಭಾಜೀವನದ, ಅಂದ್ರೆ ಚರ್ಚ್‌ನ ಜನರ ಜೊತೆಗಿನ ಬದುಕಿನ ಬಗ್ಗೆನೇ ಇವೆ, ಅದಕ್ಕೆ ಬೇರೆ ವಿಷಯದ್ದನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟಿದ್ದೀನಿ. ಹೆಸರು ಹಾಕ್ಬೇಡಿ ಅಂತ ಎಲ್ಲರೂ ಕೇಳ್ಕೊಂಡಿದ್ದಾರೆ, ಹಾಕಿಲ್ಲ.

ಪ್ರಶ್ನೆ: ಕೆಲಸಕ್ಕೆ ಅಂತ ಹೊಸ ಊರಿಗೆ ಬಂದು ಹತ್ತಿರದ ಚರ್ಚ್‌ಗೆ ಹೋಗೋಕೆ ಶುರು ಮಾಡಿ ಸುಮಾರು ತಿಂಗಳುಗಳಾಯ್ತು. ಬಾಗಿಲಲ್ಲಿ ಎಲ್ಲರೂ ನಕ್ಕು ಕೈ ಕುಲುಕ್ತಾರೆ, ಆರಾಧನೆ ಮುಗಿದ್ಮೇಲೆ ಅವರವರ ಗುಂಪಲ್ಲಿ ನಿಂತು ಮಾತಾಡ್ತಾರೆ, ನಾನು ಫೋನ್ ನೋಡ್ಕೊಂಡು ಹೊರಗೆ ಬಂದ್ಬಿಡ್ತೀನಿ. ಹಾಡೋವಾಗ ಅಕ್ಕಪಕ್ಕದವರು ಕೈ ಎತ್ತುತ್ತಾರೆ, ಕಣ್ಣೀರು ಹಾಕ್ತಾರೆ, ನನಗೆ ಏನೂ ಆಗಲ್ಲ. ‘ಕರ್ತನಲ್ಲಿ ಸಂತೋಷಪಡಿ’ ಅಂತ ಪ್ರಸಂಗ ಕೇಳಿದ್ರೆ ಮನಸ್ಸು ಇನ್ನೂ ಭಾರ ಆಗುತ್ತೆ. ನನ್ನ ವಿಶ್ವಾಸನೇ ಸುಳ್ಳಾ?

ಉತ್ತರ: ಇಲ್ಲ ತಂಗಿ. ವಿಶ್ವಾಸ ಸುಳ್ಳಾಗಿದ್ರೆ ಯಾರೂ ಮಾತಾಡಿಸದ ಜಾಗಕ್ಕೆ ಇಷ್ಟು ತಿಂಗಳು ನೀವು ಹೋಗ್ತಾನೇ ಇರ್ಲಿಲ್ಲ. ನಿಮ್ಮ ಪತ್ರ ಓದಿದಾಗ ನನಗೆ ಕಂಡಿದ್ದು ಏನಂದ್ರೆ ನಿಮಗೆ ಅಲ್ಲಿ ಯಾರೂ ಇಲ್ಲ ಅನ್ನೋ ನೋವನ್ನ ನೀವು ‘ನನಗೆ ದೇವರೇ ಇಲ್ಲ’ ಅನ್ನೋ ಹಾಗೆ ಓದ್ಕೊಂಡಿದ್ದೀರಿ, ಇವೆರಡೂ ಬೇರೆ ಬೇರೆ.

ಆ ಪ್ರಸಂಗದ ಮಾತು ಬಂದಿರೋದು ಬೈಬಲಲ್ಲಿ ಅಪೊಸ್ತಲ ಪೌಲ ಫಿಲಿಪ್ಪಿ ಅನ್ನೋ ಊರಿನ ಸಭೆಯವರಿಗೆ ಬರೆದ ಪತ್ರದ 4ನೇ ಅಧ್ಯಾಯದಿಂದ. ಅದನ್ನ ಅವನು ಬರೆದಿದ್ದು ಸೆರೆಯಲ್ಲಿ ಕೂತು, ಬರೆದಿದ್ದು ಒಬ್ಬ ವ್ಯಕ್ತಿಗಲ್ಲ, ಇಡೀ ಸಭೆಗೆ, ಎಲ್ಲರೂ ಸೇರಿದಾಗ ಗಟ್ಟಿಯಾಗಿ ಓದಿ ಕೇಳಿಸ್ಲಿ ಅಂತ. ಒಬ್ಬಳೇ ರೂಮಲ್ಲಿ ಕೂತು ಮನಸ್ಸನ್ನ ಹಿಂಡಿ ಸಂತೋಷ ತಗೋಬೇಕು ಅಂತ ಪೌಲ ಹೇಳಲೇ ಇಲ್ಲ. ಅದು ಒಟ್ಟಿಗೆ ಮಾಡೋ ಕೆಲಸ.

ಆ ಸಭೆ ಹೇಗೆ ಶುರುವಾಯ್ತು ಅನ್ನೋದನ್ನ ಅಪೊಸ್ತಲರ ಕೃತ್ಯಗಳು 16ರಲ್ಲಿ ಓದಿ. ಲುದ್ಯ ಅಂತ ಒಬ್ಬ ಹೆಂಗಸು, ಥುವತೈರದವಳು, ಬೆಲೆಬಾಳೋ ನೇರಳೆ ಬಟ್ಟೆ ವ್ಯಾಪಾರ ಮಾಡ್ತಿದ್ದವಳು, ಅಂದ್ರೆ ಫಿಲಿಪ್ಪಿಗೆ ಅವಳೂ ನಿಮ್ಮ ಹಾಗೆ ಹೊರಗಿಂದ ಬಂದವಳೇ. ದೀಕ್ಷಾಸ್ನಾನ ಆಗಿದ್ದೇ ತಡ ನಮ್ಮನೇಲೇ ಇರಿ ಅಂತ ಪೌಲನಿಗೂ ಅವನ ಜೊತೆ ಇದ್ದವರಿಗೂ ಒತ್ತಾಯ ಮಾಡಿದಳು. ಆಮೇಲೆ ಸೆರೆಮನೆ ಕಾಯೋ ಅಧಿಕಾರಿ, ಅವನು ಏಟು ತಿಂದು ಸೆರೆಗೆ ಬಿದ್ದಿದ್ದ ಪೌಲ, ಸೀಲರ ಗಾಯವನ್ನ ಆ ರಾತ್ರಿನೇ ತೊಳೆದು, ದೀಕ್ಷಾಸ್ನಾನ ಮಾಡಿಸ್ಕೊಂಡು, ಮನೆಗೆ ಕರ್ಕೊಂಡ್ಹೋಗಿ ಊಟ ಹಾಕಿದ, ಆಗ ಮನೆಮಂದಿಯೆಲ್ಲ ಸಂತೋಷಪಟ್ಟರು ಅಂತ ಬರೆದಿದೆ. ಗಾಯ ತೊಳೆದಿದ್ದು, ಊಟಕ್ಕೆ ಬಡಿಸಿದ್ದು, ಇವುಗಳ ಜೊತೆಗೇ ಸಂತೋಷದ ಮಾತು ಬರುತ್ತೆ ನೋಡಿ. ನೀವು ಇಷ್ಟು ದಿನ ಸಂತೋಷ ಹುಡುಕಿದ್ದು ಹಾಡಿನ ಹೊತ್ತಲ್ಲಿ ಮಾತ್ರ, ಹಾಡು ಮುಗಿದ್ಮೇಲಿನ ಅರ್ಧ ಗಂಟೇಲೂ ಹುಡುಕ್ಬೇಕು.

ಕಣ್ಣೀರಿನ ವಿಷಯ ಒಂದು ಹೇಳ್ಬಿಡ್ತೀನಿ. ಯೇಸು ಹುಟ್ಟಿದ ರಾತ್ರಿ ಕುರುಬರು ದೇವರನ್ನ ಕೊಂಡಾಡ್ತಾ ಗಟ್ಟಿಯಾಗಿ ಸ್ತುತಿಸ್ತಾ ವಾಪಸ್ ಹೋದ್ರು, ಮರಿಯಳು ಎಲ್ಲವನ್ನೂ ಮನಸ್ಸಲ್ಲೇ ಇಟ್ಕೊಂಡು ಯೋಚನೆ ಮಾಡ್ತಿದ್ದಳು. ಲೂಕ 2ರಲ್ಲಿ ಇವೆರಡೂ ಒಂದರ ಪಕ್ಕ ಒಂದು ವಚನದಲ್ಲಿ ಬರುತ್ತೆ, ಮರಿಯಳಿಗೆ ವಿಶ್ವಾಸ ಕಡಿಮೆ ಇತ್ತು ಅಂತ ಯಾರಾದ್ರೂ ಹೇಳ್ತಾರಾ? ನಿಮ್ಮದು ಸುಮ್ಮನಿರೋ ಸ್ವಭಾವ ಆಗಿದ್ರೆ ಸುಮ್ಮನೆ ನಿಂತು ಆರಾಧನೆ ಮಾಡಿ, ಕೈ ಎತ್ತಲೇಬೇಕು ಅಂತ ಏನಿಲ್ಲ.

ಇನ್ನು ಏನು ಮಾಡ್ಬೇಕು ಅಂದ್ರೆ, ಮೊದಲನೇದು ಮುಗಿದ ತಕ್ಷಣ ಹೊರಡ್ಬೇಡಿ, ಫೋನ್ ಬ್ಯಾಗಲ್ಲಿರಲಿ. ಗುಂಪಿನ ಹತ್ರ ಹೋಗೋದು ಕಷ್ಟ, ನನಗೆ ಗೊತ್ತು, ಹಾಗಾಗಿ ಒಬ್ಬರೇ ಕೂತಿರೋರ ಹತ್ರ ಹೋಗಿ, ಪ್ರತಿ ಸಭೇಲೂ ಅಂಥ ವಯಸ್ಸಾದವರೊಬ್ಬರು ಇದ್ದೇ ಇರ್ತಾರೆ, ಅವರ ಹೆಸರು ಕೇಳಿ, ಮುಂದಿನ ವಾರ ಆ ಹೆಸರು ಹಿಡಿದು ಮಾತಾಡಿಸಿ. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ ಬರೀ ಹೆಸರುಗಳ ಪಟ್ಟಿ ಅಂತ ತುಂಬಾ ಜನ ದಾಟಿಸ್ಕೊಂಡು ಹೋಗ್ತಾರೆ, ನನಗಂತೂ ಅದು ತುಂಬಾ ಇಷ್ಟ. ಪೌಲ ಆಗ ಇನ್ನೂ ರೋಮ್‌ಗೆ ಕಾಲೇ ಇಟ್ಟಿರ್ಲಿಲ್ಲ, ಆದ್ರೂ 20ಕ್ಕೂ ಹೆಚ್ಚು ಜನರನ್ನ ಹೆಸರು ಹೇಳಿ ವಂದಿಸ್ತಾನೆ, ಅವರಲ್ಲಿ ಹಲವರು ಏನು ಮಾಡಿದ್ರು ಅಂತಾನೂ ಹೇಳ್ತಾನೆ. ರೂಫನ ತಾಯಿ ನನಗೂ ತಾಯಿನೇ ಅಂತಾನೆ. ಊರೂರು ಅಲೆದ ಮನುಷ್ಯನಿಗೆ ಎಲ್ಲೋ ಒಂದು ಕಡೆ ಒಬ್ಬ ಅಮ್ಮ ಸಿಕ್ಕಿದ್ದಳು, ಅವಳ ಹೆಸರು ಕೂಡ ನಮಗೆ ಗೊತ್ತಿಲ್ಲ. ನಿಮಗೂ ಅಂಥವರು ಸಿಗ್ತಾರೆ, ಆದ್ರೆ ಕೈ ಕುಲುಕೋ ಸಾಲಲ್ಲಿ ಸಿಗಲ್ಲ.

ಎರಡನೇದು, ವಾರದ ಮಧ್ಯೆ ಮನೇಲಿ ಕೂಡೋ ಪ್ರೇಯರ್ ಗ್ರೂಪ್ ಯಾವ್ದಾದ್ರೂ ಇದ್ರೆ ಸೇರ್ಕೊಳ್ಳಿ. ದೊಡ್ಡ ಹಾಲ್‌ನಲ್ಲಿ ಯಾರೂ ಯಾರ ಭಾರಾನೂ ಹೊರೋಕಾಗಲ್ಲ, ಹತ್ತು ಜನ ಕೂತಾಗ ಆಗುತ್ತೆ. ಮೂರನೇದು, ಒಂದು ಕೆಲಸ ಕೇಳಿ. ಕುರ್ಚಿ ಹಾಕೋದು, ಸಂಡೇ ಸ್ಕೂಲ್ ಮಕ್ಕಳ ಜೊತೆ ಕೂರೋದು, ಕಾಯಿಲೆಯವರನ್ನ ನೋಡೋಕೆ ಹೋಗೋರ ಜೊತೆ ಹೋಗೋದು, ಏನಾದ್ರೂ ಸರಿ. ನಾನು ಕೈ ಅಲ್ಲ, ಹಾಗಾಗಿ ನಾನು ದೇಹಕ್ಕೆ ಸೇರಿಲ್ಲ ಅಂತ ಕಾಲು ಹೇಳಿದ್ರೆ ಅದು ದೇಹಕ್ಕೆ ಸೇರದೆ ಹೋಗುತ್ತಾ ಅಂತ ಸಭೆಯನ್ನ ಒಂದು ದೇಹಕ್ಕೆ ಹೋಲಿಸೋ 1 ಕೊರಿಂಥ 12ರಲ್ಲಿ ಇದೆಯಲ್ಲ, ನೀವೀಗ ಹೇಳ್ತಿರೋದು ಅದೇ ಕಾಲಿನ ಮಾತು.

ಇಷ್ಟೆಲ್ಲ ನಿಮಗೇ ಹೇಳಿ ಸುಮ್ಮನಾದ್ರೆ ಅನ್ಯಾಯ ಆಗುತ್ತೆ. ಗುಂಪಾಗಿ ನಿಂತು ಮಾತಾಡೋ ಹಳಬರೇ, ಇದನ್ನ ಓದ್ತಿದ್ರೆ ದಯವಿಟ್ಟು ಕೇಳಿ, ಕ್ರಿಸ್ತನು ನಿಮ್ಮನ್ನ ಸೇರಿಸ್ಕೊಂಡ ಹಾಗೆ ನೀವೂ ಒಬ್ಬರನ್ನೊಬ್ಬರು ಸೇರಿಸ್ಕೊಳ್ಳಿ ಅನ್ನೋ ಮಾತು (ರೋಮಾ 15:7) ಮೊದಲು ಬರೋದು ಈಗಾಗ್ಲೇ ಒಳಗಿರೋರಿಗೆ. ಹೊಸಬರ ಕೈ ಕುಲುಕಿ ಬಿಟ್ರೆ ಸಾಲದು, ಕುಲುಕಿದ ಕೈಯನ್ನ ಹಿಡ್ಕೊಂಡೇ ನಿಮ್ಮ ಗುಂಪಿಗೆ ಕರ್ಕೊಂಡು ಬನ್ನಿ.

ಪ್ರಶ್ನೆ: ಮೊಬೈಲಲ್ಲೇ ಒಳ್ಳೊಳ್ಳೆ ಪ್ರಸಂಗ ಸಿಗುತ್ತೆ, ನಮ್ಮ ಪಾಸ್ಟರ್‌ಗಿಂತ ಚೆನ್ನಾಗಿ ಹೇಳ್ತಾರೆ. ಚರ್ಚ್‌ಗೆ ಹೋಗಲೇಬೇಕಾ?

ಉತ್ತರ: ಪ್ರಸಂಗ ಕೇಳಿ, ಖಂಡಿತ ಕೇಳಿ. ಆದ್ರೆ ನೀವು ಎರಡು ವಾರ ಕಾಣಿಸ್ದೆ ಹೋದ್ರೆ ಆ ಮೊಬೈಲಿನ ಪ್ರಸಂಗಿಗೆ ಗೊತ್ತಾಗಲ್ಲ. ಸುಮಾರು ಕ್ರಿ.ಶ. 150ರ ಹೊತ್ತಿಗೆ ರೋಮ್‌ನಲ್ಲಿದ್ದ ಜಸ್ಟಿನ್ ಅನ್ನೋ ಕ್ರೈಸ್ತ ಬರಹಗಾರರು ಆಗಿನ ಭಾನುವಾರದ ಕೂಟ ಹೇಗಿತ್ತು ಅಂತ ಬರೆದಿಟ್ಟಿದ್ದಾರೆ, ವಾಚನ, ಬೋಧನೆ, ಪ್ರಾರ್ಥನೆ, ರೊಟ್ಟಿ ದ್ರಾಕ್ಷಾರಸ, ಆಮೇಲೆ ಬರೋಕಾಗದವರ ಪಾಲನ್ನ ಸಭಾಸೇವಕರು ಅವರಿದ್ದಲ್ಲಿಗೇ ತಗೊಂಡು ಹೋಗ್ತಿದ್ರು, ಕೂಡಿಸಿದ ಹಣ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರೋರಿಗೆ ಹೋಗ್ತಿತ್ತು. ಬರದೆ ಇದ್ದವರ ಪಾಲನ್ನೂ ತೆಗೆದಿಡೋ ಜನ ಅವರು. ಇದು ಸ್ಕ್ರೀನಲ್ಲಿ ಆಗೋ ಕೆಲಸ ಅಲ್ಲ. ಕಾಯಿಲೆಯಿಂದಲೋ ವಯಸ್ಸಾಗಿಯೋ ಹೋಗೋಕೆ ಆಗ್ದೇ ಇರೋರ ಮಾತು ಬೇರೆ, ಅವರಿಗೆ ಮೊಬೈಲ್ ದೊಡ್ಡ ಉಪಕಾರ, ಆದ್ರೆ ಸಭೆಯವರು ಅವರ ಮನೆಗೆ ಹೋಗೋದನ್ನ ಬಿಡಬಾರ್ದು.

ಪ್ರಶ್ನೆ: ಅಪ್ಪ ತೀರ್ಕೊಂಡ್ಮೇಲೆ ಚರ್ಚಲ್ಲಿ ನನಗೆ ಹಾಡೋಕೇ ಆಗ್ತಿಲ್ಲ. ನಾವಿಬ್ರೂ ಒಂದೇ ಬೆಂಚಲ್ಲಿ ಕೂತು ಹಾಡ್ತಿದ್ವಿ. ‘ಅವರು ದೇವರ ಹತ್ರ ಇದ್ದಾರೆ, ನೀವು ಖುಷಿಯಾಗಿರ್ಬೇಕು’ ಅಂತ ಎಲ್ಲರೂ ಹೇಳ್ತಾರೆ. ಖುಷಿ ಬರೋ ತನಕ ಹೋಗೋದು ನಿಲ್ಲಿಸ್ಲಾ?

ಉತ್ತರ: ನಿಲ್ಲಿಸ್ಬೇಡಿ ಅಣ್ಣ. ಹಾಡಬೇಡಿ ಬೇಕಾದ್ರೆ, ಆದ್ರೆ ಹೋಗಿ. ಅಪ್ಪನ ಜೊತೆ ಕೂತ ಬೆಂಚು ಕಷ್ಟ ಆದ್ರೆ ಬೇರೆ ಕಡೆ ಕೂತ್ಕೊಳ್ಳಿ, ಮಧ್ಯದಲ್ಲಿ ಎದ್ದು ಹೋಗ್ಬೇಕು ಅನ್ಸಿದ್ರೆ ಎದ್ದು ಹೋಗಿ.

ಖುಷಿಯಾಗಿರ್ಬೇಕು ಅಂದವರು ಪ್ರೀತಿಯಿಂದಲೇ ಅಂದಿರ್ತಾರೆ, ಆದ್ರೂ ಆ ಮಾತು ಸರಿಯಿಲ್ಲ. ಸತ್ತುಹೋಗಿದ್ದ ಗೆಳೆಯ ಲಾಜರನನ್ನ ಎಬ್ಬಿಸ್ತೀನಿ ಅಂತ ಗೊತ್ತಿದ್ದ ಯೇಸುನೇ ಅವನ ಸಮಾಧಿ ಕಡೆ ಹೋಗ್ತಾ ಅತ್ತ. ಬೈಬಲಿನ 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗೋಳಾಟದ ಪ್ರಾರ್ಥನೆಗಳೇ. ಹೆಚ್ಚಿನವು ಕೊನೆಗೆ ಸ್ತುತಿ ಕಡೆ ತಿರುಗ್ತವೆ, 88ನೇ ಕೀರ್ತನೆ ಹಾಗೆ ತಿರುಗಲ್ಲ, ಕತ್ತಲೆ ಅನ್ನೋದರಲ್ಲೇ ಮುಗಿಯುತ್ತೆ. ಅಂಥದ್ದನ್ನೂ ದೇವಜನರು ಆರಾಧನೆಯ ಪುಸ್ತಕದಿಂದ ತೆಗೆದುಹಾಕ್ಲಿಲ್ಲ, ಹಾಗೇ ಇಟ್ಕೊಂಡ್ರು. 42ನೇ ಕೀರ್ತನೆ ಓದಿ, ಜನಸಮೂಹದ ಜೊತೆ ಹರ್ಷಧ್ವನಿ ಮಾಡ್ತಾ ದೇವಾಲಯಕ್ಕೆ ಹೋಗ್ತಿದ್ದ ದಿನಗಳನ್ನ ನೆನಪು ಮಾಡ್ಕೊಂಡು ಒಬ್ಬರು ಅಳ್ತಾರೆ, ನಿಮ್ಮದೇ ಪತ್ರ ಅನ್ಸುತ್ತೆ.

ಮಾರ್ಕ 2ರಲ್ಲಿ ನಾಲ್ಕು ಜನ ಒಬ್ಬ ಪಾರ್ಶ್ವವಾಯು ರೋಗಿಯನ್ನ ಹೊತ್ಕೊಂಡು ಬಂದು, ಒಳಗೆ ಜಾಗ ಇಲ್ದೆ ಮಾಳಿಗೆ ಬಿಚ್ಚಿ ಇಳಿಸ್ತಾರೆ. ಯೇಸು ಅವರ ನಂಬಿಕೆಯನ್ನ ನೋಡಿದ ಅಂತ ಬರೆದಿದೆ, ಮಲಗಿದ್ದವನದ್ದು ಮಾತ್ರ ಅಂತ ಅಲ್ಲ, ಹೊತ್ತು ತಂದವರದ್ದು. ನನ್ನ ಪ್ರಕಾರ ಸಭೆ ಇರೋದೇ ಇದಕ್ಕೆ. ನಿಮ್ಮ ಬಾಯಿಂದ ಹಾಡು ಬರ್ದೇ ಇರೋ ತಿಂಗಳುಗಳಲ್ಲಿ ಪಕ್ಕದವರು ಹಾಡ್ತಿರ್ತಾರೆ, ನೀವು ಅದರ ಮಧ್ಯೆ ಕೂತಿರಿ. ನಿಮ್ಮ ಜೊತೆ ಕೂತ್ಕೊಳ್ಳೋಕೆ ಒಬ್ಬರನ್ನ ಕೇಳ್ಕೊಳ್ಳಿ, ಅಪ್ಪನನ್ನ ಬಲ್ಲವರಾದ್ರೆ ಒಳ್ಳೇದು, ಅವರಿಂದ ಅಪ್ಪನ ಕಥೆ ಕೇಳಿ. ಚರ್ಚ್ ಕ್ಯಾಲೆಂಡರಲ್ಲಿ ಭಾನುವಾರ ಬಿಟ್ಟು 40 ದಿನ ಲೆಂಟ್ ಇದೆ, ಅಂದ್ರೆ ಈಸ್ಟರ್‌ಗೆ ಮುಂಚಿನ ಉಪವಾಸ, ಪಶ್ಚಾತ್ತಾಪದ ಕಾಲ, ಈಸ್ಟರ್‌ನಿಂದ ಪಂಚಾಶತ್ತಮದವರೆಗೆ 50 ದಿನ ಹಬ್ಬದ ಕಾಲ. ದುಃಖಕ್ಕೂ ಕಾಲ ಇಟ್ಟಿದ್ದಾರೆ, ಸಂತೋಷದ ಕಾಲವನ್ನ ಅದಕ್ಕಿಂತ ಉದ್ದ ಮಾಡಿದ್ದಾರೆ, ಆದ್ರೆ ಒಂದನ್ನ ಹಾರಿಸಿ ಇನ್ನೊಂದಕ್ಕೆ ಹೋಗಿ ಅಂತ ಹೇಳಿಲ್ಲ. ಊಟ ನಿದ್ದೆ ಎಲ್ಲಾ ಕೆಟ್ಟು ತಿಂಗಳುಗಟ್ಟಲೆ ಹೀಗೇ ಇದ್ರೆ ಡಾಕ್ಟರನ್ನ ನೋಡಿ, ಅದು ಅವಿಶ್ವಾಸ ಅಲ್ಲ. ಸಾಯ್ಬೇಕು ಅಂತ ಮಲಗಿದ್ದ ಪ್ರವಾದಿ ಎಲೀಯನಿಗೆ ದೇವದೂತ ಮೊದಲು ಕೊಟ್ಟಿದ್ದು ರೊಟ್ಟಿ ಮತ್ತೆ ನೀರು.

ಪ್ರಶ್ನೆ: ನಮ್ಮ ಸಭೇಲಿ ಎರಡು ಗುಂಪಾಗಿದೆ. ಇಪ್ಪತ್ತು ವರ್ಷ ಒಟ್ಟಿಗೆ ಸೇವೆ ಮಾಡಿದ ಇಬ್ಬರು ಅಕ್ಕಂದಿರು ಈಗ ಮುಖ ಕೊಟ್ಟು ಮಾತಾಡಲ್ಲ. ಇಂಥ ಕಡೆ ದೇವರ ಸಂತೋಷ ಎಲ್ಲಿಂದ ಬರ್ಬೇಕು? ಬೇರೆ ಚರ್ಚ್‌ಗೆ ಹೋಗ್ಲಾ?

ಉತ್ತರ: ಮೇಲೆ ಫಿಲಿಪ್ಪಿಯವರ ಪತ್ರದ ಮಾತು ಬಂತಲ್ಲ, ಯಾವಾಗಲೂ ಸಂತೋಷಪಡಿ ಅನ್ನೋ 4:4ಕ್ಕಿಂತ ಎರಡೇ ವಚನ ಹಿಂದೆ ಹೋಗಿ ನೋಡಿ. ಯುವೊದ್ಯ, ಸಂತುಕೆ ಅಂತ ಇಬ್ಬರು ಹೆಂಗಸರು, ಪೌಲನ ಜೊತೆ ಸುವಾರ್ತೆಗಾಗಿ ದುಡಿದವರು, ಒಂದೇ ಮನಸ್ಸಾಗಿ ಅಂತ ಇಬ್ಬರನ್ನೂ ಬೇರೆ ಬೇರೆಯಾಗಿ ಬೇಡ್ಕೊಳ್ತಾನೆ, ಅವರಿಗೆ ಸಹಾಯ ಮಾಡು ಅಂತ ಮೂರನೆಯವರೊಬ್ಬರಿಗೆ ಹೇಳ್ತಾನೆ. ಆಮೇಲೇ ಸಂತೋಷದ ಮಾತು. ಅಂದ್ರೆ ಜಗಳ ಇದ್ದ ಸಭೆಗೇ ಅದನ್ನ ಹೇಳಿದ್ದು. ಯಾರ ತಪ್ಪು ಅಂತ ಪತ್ರದಲ್ಲಿ ಒಂದು ಮಾತೂ ಇಲ್ಲ.

ನೀವು ಆ ಮೂರನೆಯವರಾಗಿ. ಇಬ್ಬರ ಮನೆಗೂ ಹೋಗಿ, ಒಬ್ಬರ ಮಾತನ್ನ ಇನ್ನೊಬ್ಬರಿಗೆ ಮುಟ್ಟಿಸ್ಬೇಡಿ, ಅವರು ಒಟ್ಟಿಗೆ ಮಾಡಿದ ಸೇವೆಯಿಂದ ನಿಮಗೆ ಏನು ಸಿಕ್ತು ಅಂತ ಮಾತ್ರ ಹೇಳಿ ಬನ್ನಿ. ಒಂದೇ ಸಲಕ್ಕೆ ಸರಿ ಹೋಗಲ್ಲ. ಆದ್ರೆ ಒಂದು ವಿಷಯ ಸ್ಪಷ್ಟವಾಗಿ ಹೇಳ್ತೀನಿ, ಇದು ಮನಸ್ತಾಪದ ಮಾತು. ಯಾರಾದ್ರೂ ದೈಹಿಕವಾಗಿ, ಲೈಂಗಿಕವಾಗಿ ಹಿಂಸೆ ಕೊಡ್ತಿದ್ರೆ, ಹೆದರಿಸಿ ಹಣ ಕೀಳ್ತಿದ್ರೆ, ಪ್ರಶ್ನೆ ಕೇಳಿದವರನ್ನ ದೇವರ ಹೆಸರು ಹೇಳಿ ಬಾಯಿ ಮುಚ್ಚಿಸ್ತಿದ್ರೆ, ಅಲ್ಲಿ ತಾಳ್ಮೆ ಬೇಡ, ಹೊರಗೆ ಬನ್ನಿ, ಪೊಲೀಸರಿಗೆ ಹೇಳ್ಬೇಕಾದ್ದನ್ನ ಪೊಲೀಸರಿಗೆ ಹೇಳಿ. ಅಂಥ ಜಾಗ ಬಿಟ್ಟು ಬಂದ್ರೆ ಕ್ರಿಸ್ತನನ್ನ ಬಿಟ್ಟ ಹಾಗಾಗಲ್ಲ.

ಪ್ರಶ್ನೆ: ನನಗೆ 16 ವರ್ಷ. ಅಮ್ಮನಿಗೋಸ್ಕರ ಚರ್ಚ್‌ಗೆ ಹೋಗ್ತೀನಿ, ತುಂಬಾ ಬೋರ್. ದೊಡ್ಡವರಿಗೆ ನಾವು ಅಲ್ಲಿ ಇದ್ದೀವಿ ಅಂತಾನೇ ಗೊತ್ತಿಲ್ಲ.

ಉತ್ತರ: ನಿಜ ಹೇಳಿದ್ದಕ್ಕೆ ಥ್ಯಾಂಕ್ಸ್ ತಮ್ಮಾ. ಯೇಸು ಐದು ಸಾವಿರ ಜನರಿಗೆ ಊಟ ಹಾಕಿದಾಗ ಐದು ರೊಟ್ಟಿ ಎರಡು ಮೀನು ಇದ್ದಿದ್ದು ಒಬ್ಬ ಹುಡುಗನ ಹತ್ರ, ಇದು ನಿನಗೆ ಗೊತ್ತಿರುತ್ತೆ. ಪೌಲನ ಅಕ್ಕನೋ ತಂಗಿಯೋ, ಅವಳ ಮಗನ ಕಥೆ ಗೊತ್ತಾ? 40ಕ್ಕೂ ಹೆಚ್ಚು ಜನ ಪೌಲನನ್ನ ಕೊಲ್ಲೋವರೆಗೂ ಅನ್ನ ನೀರು ಮುಟ್ಟಲ್ಲ ಅಂತ ಶಪಥ ಮಾಡಿದ್ರು, ಆ ಹುಡುಗ ಅದನ್ನ ಕೇಳಿಸ್ಕೊಂಡು ಪೌಲ ಸೆರೆಯಲ್ಲಿದ್ದ ಕೋಟೆ ಒಳಗೆ ಹೋಗಿ ಮಾವನಿಗೆ ಹೇಳಿ, ಆಮೇಲೆ ರೋಮನ್ ಸೈನ್ಯದ ಸಹಸ್ರಾಧಿಪತಿ ಎದುರೂ ನಿಂತು ಹೇಳಿದ, ಪೌಲ ಬದುಕ್ಕೊಂಡ. ಕೃತ್ಯಗಳು 23, ಓದು, ಬೋರ್ ಹೊಡೆಯಲ್ಲ.

ಇನ್ನು ನಿನ್ನ ಚರ್ಚ್ ವಿಷಯ. ನೀನು ಯಾವ್ದರಲ್ಲಿ ಚೆನ್ನಾಗಿದ್ದೀಯ ಅಂತ ಬರೆದಿಲ್ಲ. ಗಿಟಾರ್ ಬರುತ್ತಾ, ಮೈಕ್ ಸೆಟ್ ಮಾಡೋದು ಬರುತ್ತಾ, ಚಿಕ್ಕ ಮಕ್ಕಳನ್ನ ಆಡಿಸೋಕೆ ಬರುತ್ತಾ? ಈ ಭಾನುವಾರ ಅದನ್ನ ನೋಡ್ಕೊಳ್ಳೋರ ಹತ್ರ ನೀನೇ ಹೋಗಿ ನನಗೂ ಕಲಿಸಿ ಅಂತ ಕೇಳು. ಅಮ್ಮನಿಗೂ ಬೋರ್ ಆಗ್ತಿದೆ ಅಂತ ಹೇಳು, ಮುಚ್ಚಿಡ್ಬೇಡ, ಪ್ರಸಂಗದಲ್ಲಿ ಅರ್ಥ ಆಗದೇ ಇದ್ದಿದ್ದನ್ನ ಬರ್ಕೊಂಡು ಪಾಸ್ಟರ್‌ನ ಕೇಳು, ದೇವರು ನಿಜವಾಗ್ಲೂ ಇದ್ದಾನಾ ಅನ್ನೋ ಪ್ರಶ್ನೆ ಆದ್ರೂ ಸರಿ. ಉತ್ತರ ಕೊಡದೆ ಬೈದ್ರೆ ನನಗೆ ಬರಿ, ಮುಂದಿನ ಸಂಚಿಕೇಲಿ ಅದೇ ಪ್ರಶ್ನೆ ತಗೋತೀನಿ.