ಫಿಟ್‌ನೆಸ್ ವೇದಿಕೆ: ನೀವು ಕೇಳಿದ್ದೀರಿ

ಪ್ರಶ್ನೆ: ಜಿಮ್ನಾಸ್ಟಿಕ್ಸ್ ಕಲಿತಿದ್ದೇನೆ. ಮಹಿಳೆಯರ ದೇಹದಾರ್ಢ್ಯ ಸ್ಪರ್ಧೆಯ ವಿಭಾಗಗಳಾದ ಬಿಕಿನಿ, ಫಿಗರ್, ವೆಲ್‌ನೆಸ್, ಫಿಟ್‌ನೆಸ್ ಇವುಗಳಲ್ಲಿ ಯಾವುದಕ್ಕೆ ಇಳಿಯಲಿ?

ಉತ್ತರ: ಫಿಟ್‌ನೆಸ್‌ಗೇ ಇಳಿಯಿರಿ. ಬೇರೆ ಮೂರರಲ್ಲಿ ನೋಡುವುದು ಮೈಕಟ್ಟು ಮತ್ತು ನಿಲುವು: ಫಿಗರ್‌ನಲ್ಲಿ ಭುಜ, ಬೆನ್ನಿನ ಅಗಲ, ವೆಲ್‌ನೆಸ್‌ನಲ್ಲಿ ತುಂಬಿದ ತೊಡೆ, ನಿತಂಬ. ಸಂಗೀತಕ್ಕೆ ಕಸರತ್ತು ಮಾಡಿ ತೋರಿಸುವ ರೂಟೀನ್ ಇರುವುದು ಫಿಟ್‌ನೆಸ್‌ನಲ್ಲಿ ಮಾತ್ರ. 1995ರಲ್ಲಿ ಶುರುವಾದ ಫಿಟ್‌ನೆಸ್ ಒಲಿಂಪಿಯಾವನ್ನು (ಈ ವಿಭಾಗದ ಅತಿ ದೊಡ್ಡ ವೃತ್ತಿಪರ ಸ್ಪರ್ಧೆ) ಅಡೆಲಾ ಗಾರ್ಸಿಯಾ ಎಂಟು ಬಾರಿ ಗೆದ್ದಿದ್ದಾರೆ. ಅವರ ರೂಟೀನ್‌ಗಳ ವಿಡಿಯೊ ನೋಡಿ, ಮಟ್ಟ ಎಂಥದೆಂದು ಗೊತ್ತಾಗುತ್ತದೆ. ಕಡ್ಡಾಯ ಭಂಗಿಗಳು, ಸಮಯದ ಮಿತಿ ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತವೆ. ಹಾಗಾಗಿ ಅರ್ಜಿ ತುಂಬುವ ಮೊದಲು ಈ ವರ್ಷದ ನಿಯಮಾವಳಿ ಓದಿಕೊಳ್ಳಿ.

ಪ್ರಶ್ನೆ: ರೂಟೀನ್‌ನ ಕೊನೆಗೆ ಸ್ಟ್ರ್ಯಾಡಲ್ ಹೋಲ್ಡ್ (ಅಂಗೈ ಊರಿ, ಕಾಲು ಅಗಲಿಸಿ ಮೈಯನ್ನು ನೆಲದಿಂದ ಎತ್ತಿ ಹಿಡಿಯುವುದು) ಮಾಡುವಾಗ ಕಾಲು ನೆಲಕ್ಕೆ ತಾಗಿಬಿಡುತ್ತದೆ. ತೋಳಿನ ಬಲ ಸಾಲದೇ?

ಉತ್ತರ: ತೋಳಿನ ಮೇಲೆ ಅನುಮಾನ ಪಡುವ ಮುನ್ನ ಸೊಂಟ ನೋಡಿ. ಕಾಲನ್ನು ಮೇಲೆತ್ತಿ ಹಿಡಿಯುವ ಸೊಂಟದ ಮುಂಭಾಗದ ಸ್ನಾಯುಗಳು ಸೋತಿರುತ್ತವೆ, ತೊಡೆಯ ಹಿಂಭಾಗ ಬಿಗಿದಿರುತ್ತದೆ. ಕಾಲು ಅಗಲಿಸಿ ಕುಳಿತು, ಅಂಗೈಗಳನ್ನು ತೊಡೆಗಳ ನಡುವೆ ಮೊಣಕಾಲಿನ ಮಟ್ಟದಲ್ಲಿ ಊರಿ, ಹಿಂದಕ್ಕೆ ವಾಲದೆ ಕಾಲೆತ್ತಿ. ಹತ್ತು ಸಲದಂತೆ ಮೂರು ಸುತ್ತು, ವಾರಕ್ಕೆ ಮೂರು ದಿನ. ಹೋಲ್ಡ್ ಅನ್ನು ಕೊನೆಗಿಡದೆ ಮೊದಲ 45 ಸೆಕೆಂಡಿನೊಳಗೆ ತನ್ನಿ. ಉಸಿರು ಹತ್ತಿದ ಮೇಲೆ ಹೊಟ್ಟೆ ಗಟ್ಟಿ ಹಿಡಿಯುವುದು ಕಷ್ಟ. ಜಿಗಿದು ಇಳಿಯುವುದನ್ನು ಎದುರಿನಿಂದ ಚಿತ್ರೀಕರಿಸಿ. ಮಂಡಿಗಳು ಒಳಕ್ಕೆ ವಾಲುತ್ತಿದ್ದರೆ ಆ ಜಿಗಿತ ಸದ್ಯಕ್ಕೆ ಬೇಡ. ಕೈಬಿಟ್ಟ ಜಿಗಿತ ತೀರ್ಪುಗಾರರಿಗೆ ಗೊತ್ತೇ ಆಗುವುದಿಲ್ಲ, ಬಿದ್ದದ್ದು ಮಾತ್ರ ಕಾಣುತ್ತದೆ.

ಪ್ರಶ್ನೆ: ಸ್ಪರ್ಧೆಗೆ ಇನ್ನೂ ಎಂಟು ವಾರ. ಮೂರು ತಿಂಗಳಿಂದ ಮುಟ್ಟು ನಿಂತಿದೆ. ಕೋಚ್ ‘ಇದೆಲ್ಲ ಮಾಮೂಲು’ ಎನ್ನುತ್ತಾರೆ. ತೂಕ 58 ಕೆ.ಜಿ., ಕೊಬ್ಬು ಶೇ. 15, ಊಟ 1,600 ಕ್ಯಾಲೊರಿ.

ಉತ್ತರ: ಬಹಳ ಜನರಿಗೆ ಆಗುತ್ತದೆ ಎಂದ ಮಾತ್ರಕ್ಕೆ ಸರಿ ಎಂದಲ್ಲ. ಲೆಕ್ಕ ಹಾಕೋಣ. ಕೊಬ್ಬು ಕಳೆದರೆ ನಿಮ್ಮ ದೇಹ ಸುಮಾರು 49 ಕೆ.ಜಿ. ವ್ಯಾಯಾಮಕ್ಕೆ ದಿನಕ್ಕೆ 400 ಕ್ಯಾಲೊರಿ ಹೋಗುತ್ತದೆ ಎಂದುಕೊಂಡರೆ, ಉಳಿದ ಕೆಲಸಕ್ಕೆಲ್ಲ ಸಿಗುವುದು 1,200, ಅಂದರೆ ಕೆ.ಜಿ.ಗೆ 24ರ ಆಸುಪಾಸು. 45 ಇದ್ದರೆ ಒಳ್ಳೆಯದು. 30ಕ್ಕಿಂತ ಕೆಳಗೆ ಬಹಳ ದಿನ ಇದ್ದರೆ ಮೆದುಳು ಅಂಡಾಶಯಕ್ಕೆ ಕಳಿಸುವ ಸಂಕೇತ ತಗ್ಗಿ ಈಸ್ಟ್ರೊಜನ್ ಇಳಿಯುತ್ತದೆ. ಅದರ ಪೆಟ್ಟು ಬೀಳುವುದು ಮೂಳೆಗೆ: ಪಾದ, ಮೊಣಕಾಲಿನ ಕೆಳಗಿನ ಮೂಳೆಗಳಲ್ಲಿ ಬಿರುಕು ಬಿಡುತ್ತದೆ, ರೂಟೀನ್‌ನಲ್ಲಿ ಜಿಗಿಯುವವರಿಗಂತೂ ಇನ್ನೂ ಬೇಗ. ಮೊದಲು ವೈದ್ಯರನ್ನು ಕಂಡು ಗರ್ಭಧಾರಣೆ, ಥೈರಾಯ್ಡ್, ಪ್ರೊಲ್ಯಾಕ್ಟಿನ್ ಪರೀಕ್ಷೆ ಮಾಡಿಸಿ. ಗರ್ಭನಿರೋಧಕ ಮಾತ್ರೆಯಿಂದ ಬರುವ ರಕ್ತಸ್ರಾವವನ್ನು ಮುಟ್ಟು ಮರಳಿತು ಎಂದುಕೊಳ್ಳಬೇಡಿ. ನಮ್ಮ ಮಾತು ಕೇಳುವುದಾದರೆ ಈ ಸ್ಪರ್ಧೆ ಬಿಡಿ. ಮುಂದಿನದಕ್ಕೆ 20 ವಾರ ಮೊದಲೇ ಶುರು ಮಾಡಿ, ವಾರಕ್ಕೆ ತೂಕದ ಶೇ. 0.5ರಷ್ಟು ಇಳಿಸಿದರೆ ಸಾಕು.

ಪ್ರಶ್ನೆ: ಕೊನೆಯ ಎರಡು ದಿನ ನೀರು, ಉಪ್ಪು ಎರಡನ್ನೂ ನಿಲ್ಲಿಸಬೇಕಂತೆ?

ಉತ್ತರ: ಬೇಡವೇ ಬೇಡ. ಸ್ನಾಯುವಿನಲ್ಲಿ ಒಂದು ಗ್ರಾಂ ಗ್ಲೈಕೋಜನ್ (ದೇಹ ಕೂಡಿಟ್ಟುಕೊಳ್ಳುವ ಕಾರ್ಬೋಹೈಡ್ರೇಟ್) ಕೂಡಬೇಕಾದರೆ ಸುಮಾರು ಮೂರು ಗ್ರಾಂ ನೀರೂ ಜೊತೆಗೆ ಬೇಕು. ಕಾರ್ಬ್ ತುಂಬಿಸುತ್ತ ನೀರು ನಿಲ್ಲಿಸಿದರೆ ಸ್ನಾಯು ಚಪ್ಪಟೆಯಾಗಿ ಕಾಣುತ್ತದೆ, ಮೇಲಿಂದ ತಲೆಸುತ್ತು, ಸೆಳೆತ. ಮೂತ್ರವರ್ಧಕ ಮಾತ್ರೆಯಂತೂ ಪೊಟ್ಯಾಶಿಯಂ ಏರುಪೇರು ಮಾಡಿ ಹೃದಯದ ಲಯವನ್ನೇ ಕೆಡಿಸಬಹುದು. ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ಪಟ್ಟಿಯಲ್ಲಿ ಅದು ಸದಾಕಾಲ ನಿಷಿದ್ಧ. ‘ಸ್ಟೀರಾಯ್ಡ್ ಅಲ್ಲ’ ಎಂದು ಕೊಬ್ಬು ಕರಗಿಸಲು ಕೈಗೆ ಕೊಡುವ ಕ್ಲೆನ್‌ಬ್ಯುಟೆರಾಲ್ ಕೂಡ ಅಷ್ಟೇ.

ಪ್ರಶ್ನೆ: ವೇದಿಕೆಗಾಗಿ ಮೈಗೆ ಟ್ಯಾನ್ (ಕಂದು ಬಣ್ಣ) ಹಚ್ಚಿದ ಮೇಲೆ ಕಂಕುಳು ಹಸಿರಾಗುವುದೇಕೆ?

ಉತ್ತರ: ಡಿಯೋಡರೆಂಟ್ ಉಳಿದಿರುತ್ತದೆ. ಟ್ಯಾನ್‌ಗೆ ಮುಂಚಿನ ಸ್ನಾನದಲ್ಲಿ ಚೆನ್ನಾಗಿ ತೊಳೆದುಕೊಳ್ಳಿ. ಆಮೇಲೆ ವೇದಿಕೆ ಇಳಿಯುವವರೆಗೂ ಡಿಯೋಡರೆಂಟ್, ಕ್ರೀಮ್ ಏನೂ ಬೇಡ.

ಪ್ರಶ್ನೆ: ಪ್ರೊ ಕಾರ್ಡ್ ಸಿಕ್ಕರೆ ಇದರಲ್ಲೇ ಬದುಕಬಹುದೇ?

ಉತ್ತರ: ಬಹುಮಾನ ನಂಬಿ ಕೆಲಸ ಬಿಡಬೇಡಿ. ಕಾರ್ಡ್ ಎಂದರೆ ವೃತ್ತಿಪರ ಸ್ಪರ್ಧೆಗೆ ಪ್ರವೇಶ, ಸಂಬಳವಲ್ಲ. ಹೆಚ್ಚಿನವರ ಹೊಟ್ಟೆಪಾಡು ನಡೆಯುವುದು ತರಬೇತಿ, ಪೋಸಿಂಗ್ ಪಾಠ, ಪ್ರಾಯೋಜಕತ್ವದಿಂದ. ಪ್ರಾಯೋಜಕರ ಒಪ್ಪಂದದಲ್ಲಿ ಮೂರು ಸಾಲು ಎರಡೆರಡು ಸಲ ಓದಿ: ನಿಮ್ಮ ಚಿತ್ರಗಳನ್ನು ಎಷ್ಟು ಕಾಲ ಬಳಸಬಹುದು, ಬೇರೆ ಕಂಪನಿಗೆ ಕೆಲಸ ಮಾಡಬಹುದೇ, ಗಾಯವಾಗಿ ಸ್ಪರ್ಧೆ ತಪ್ಪಿದರೆ ಹಣ ನಿಲ್ಲುತ್ತದೆಯೇ. ಕೊಡುವುದು ಹಣವೋ ಬರೀ ಪ್ರೋಟೀನ್ ಡಬ್ಬವೋ ಎಂಬುದನ್ನೂ ಸಹಿಗೆ ಮೊದಲೇ ಕೇಳಿ.