ಕಾಲು ಗಂಟೆಯ ಕಾಳಗ, ಲಾಲ್‌ಬಾಗಿನಷ್ಟು ಬಯಲು
ಓದುಗರ ಪ್ರಶ್ನೆ – ನಮ್ಮ ಉತ್ತರ

ಈ ಸಲದ ಪ್ರಶ್ನೆಗಳೆಲ್ಲ ಒಂದೇ ಜಾಗದ ಸುತ್ತ: ಕೆನಡಾದ ಕ್ವಿಬೆಕ್ ಸಿಟಿಯ ಅಬ್ರಹಾಂ ಬಯಲು. 1759ರ ಸೆಪ್ಟೆಂಬರ್ 13ರಂದು ಬ್ರಿಟಿಷರೂ ಫ್ರೆಂಚರೂ ಕಾದಾಡಿದ ಈ ನೆಲ 1908ರಿಂದ ಸಾರ್ವಜನಿಕ ಉದ್ಯಾನ. ಮಕ್ಕಳು ಮಾಂಟ್ರಿಯಲ್, ಟೊರೊಂಟೊ ಕಡೆ ನೆಲೆಸಿರುವ ಮನೆಗಳಿಂದಲೇ ಹೆಚ್ಚು ಪತ್ರಗಳು ಬಂದಿವೆ.

ಪ್ರಶ್ನೆ: ಮಗ ಮಾಂಟ್ರಿಯಲ್‌ನಲ್ಲಿದ್ದಾನೆ. ಬೆಳಿಗ್ಗೆ ಹೊರಟು ರಾತ್ರಿ ವಾಪಸ್ ಬರಬಹುದೇ? ನನಗೆ ಎಪ್ಪತ್ತು ದಾಟಿದೆ, ನಮ್ಮ ಮನೆಯವರಿಗೆ ಮಂಡಿ ನೋವು. ಎಲ್ಲಿಂದ ಶುರು ಮಾಡಬೇಕು?
– ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಬರಬಹುದು, ಆದರೆ ದಿನದ ಆರೇಳು ಗಂಟೆ ಪ್ರಯಾಣಕ್ಕೇ ಹೋಗುತ್ತದೆ. ಮಾಂಟ್ರಿಯಲ್‌ನಿಂದ ಸುಮಾರು 250 ಕಿ.ಮೀ. ರೈಲಿನಲ್ಲಾಗಲಿ ಬಸ್ಸಿನಲ್ಲಾಗಲಿ ಮೂರು ಗಂಟೆಯ ಮೇಲೆ ಹಿಡಿಯುತ್ತದೆ. ಒಂದು ರಾತ್ರಿ ಉಳಿದರೆ ಸುಖ.

ಮೊದಲು ತಿಳಿದಿರಬೇಕಾದ ಸಂಗತಿ ಏನೆಂದರೆ, ಆ ಊರು ಎರಡು ಅಂತಸ್ತಿನದು. ಗಾರ್ ದು ಪಾಲೆ ರೈಲು ನಿಲ್ದಾಣ ಕೆಳಪೇಟೆಯಲ್ಲಿದೆ, ಬಯಲು ಇರುವುದು ಬಂಡೆಯ ಮೇಲೆ. ನಕ್ಷೆಯಲ್ಲಿ ಹತ್ತಿರ ಕಾಣುತ್ತದೆಂದು ನಡೆಯಲು ಹೊರಟವರು ಅರ್ಧ ದಾರಿಯಲ್ಲೇ ಕಾಲು ಸೋತು ಕೂರುತ್ತಾರೆ. ನಿಲ್ದಾಣದಿಂದ ಟ್ಯಾಕ್ಸಿ ಹಿಡಿದು ‘835, ವಿಲ್ಫ್ರಿಡ್ ಲೋರಿಯೇ ಅವೆನ್ಯೂ’ ಎನ್ನಿ. ಅದು ಅಬ್ರಹಾಂ ಬಯಲಿನ ಮ್ಯೂಸಿಯಂ. ಒಳಗೆ ಟಿಕೆಟ್ ಇದೆ, ಪಾರ್ಕಿಗೆ ಇಲ್ಲ.

ಮ್ಯೂಸಿಯಂ ಮುಗಿಸಿ ಪಶ್ಚಿಮಕ್ಕೆ ನಡೆಯಿರಿ. ಐದಾರು ನಿಮಿಷಕ್ಕೆ ಜೋನ್ ಆಫ್ ಆರ್ಕ್ ಹೂದೋಟ ಸಿಗುತ್ತದೆ. 1938ರ ತೋಟ, ಸುತ್ತಲಿನ ನೆಲಕ್ಕಿಂತ ತುಸು ತಗ್ಗಿನಲ್ಲಿದೆ. ಗಾಳಿ ಕಡಿಮೆ, ಬೆಂಚುಗಳಿವೆ. ಮಂಡಿ ನೋವಿನವರು ಅರ್ಧ ಗಂಟೆ ಅಲ್ಲಿ ಕೂರಲಿ. ಅಲ್ಲಿಂದ ಮುಂದೆ ಬ್ರಿಟಿಷ್ ದಳಪತಿ ವುಲ್ಫ್‌ನ ಸ್ಮಾರಕ ಕಂಬ, ಅದರ ಪಕ್ಕದಲ್ಲೇ ಲಲಿತಕಲೆಗಳ ಮ್ಯೂಸಿಯಂ. ಮೊದಲಿನಿಂದ ಕೊನೆಯವರೆಗೆ ಒಂದು ಕಿಲೋಮೀಟರಿನ ಆಸುಪಾಸು, ಬಹುಪಾಲು ಇಳಿಜಾರು. ಇದನ್ನೇ ತಿರುಗಿಸಿ ಪಶ್ಚಿಮದಿಂದ ಪೂರ್ವಕ್ಕೆ ಹೊರಟರೆ ಉದ್ದಕ್ಕೂ ಏರಬೇಕಾಗುತ್ತದೆ.

ಡಫರಿನ್ ಟೆರೇಸ್‌ನಿಂದ ಕೋಟೆಯ ಗೋಡೆಗುಂಟ ಬಯಲಿಗೆ ಬರುವ ‘ಗವರ್ನರುಗಳ ದಾರಿ’ ಎಂಬ ಮರದ ಕಾಲುದಾರಿ ತುಂಬ ಚೆಂದ, ಆದರೆ 310 ಮೆಟ್ಟಿಲು. ಮಗ ಹತ್ತಲಿ. ನಿಮಗೂ ಆಸೆಯಿದ್ದರೆ ಕೊನೆಯಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯಿರಿ. ಆದರೆ ಮಂಡಿ ನೋವಿರುವವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಎಂಬುದು ನೆನಪಿರಲಿ.

ಪ್ರಶ್ನೆ: ಜೂನ್‌ನಲ್ಲಿ ಹೋಗಿದ್ದೆವು. ಹುಲ್ಲು, ಮರ, ಬಿಸಿಲಿಗೆ ಮೈಯೊಡ್ಡಿ ಮಲಗಿದ ಜನ, ನಾಯಿ ಅಡ್ಡಾಡಿಸುವವರು. ಸಾಲಾಗಿ ತೋಪುಗಳನ್ನು ನಿಲ್ಲಿಸಿದ್ದಾರೆ, ಅಷ್ಟೆ. ಯುದ್ಧ ನಿಜವಾಗಿ ಎಲ್ಲಿ ನಡೆಯಿತು ಎಂಬುದೇ ತಿಳಿಯಲಿಲ್ಲ. ನಾವು ಏನು ತಪ್ಪಿಸಿಕೊಂಡೆವು?
– ಓದುಗರು, ಧಾರವಾಡ

ಉತ್ತರ: ತಪ್ಪು ನಿಮ್ಮದಲ್ಲ. ನೀವು ನಿಂತದ್ದು ರಣಭೂಮಿಯ ದಕ್ಷಿಣದ ಒಂದು ಪಾಲಿನಲ್ಲಿ ಮಾತ್ರ. ಬ್ರಿಟಿಷರ ಸಾಲು ನದಿಯ ಕಡಿಬಂಡೆಯಿಂದ ಹಿಡಿದು ಉತ್ತರಕ್ಕೆ ಸೆಂತ್ ಫ್ವಾ ರಸ್ತೆಯವರೆಗೂ ಚಾಚಿತ್ತು. ಉದ್ಯಾನವಾದರೋ ಹೆಚ್ಚೂಕಡಿಮೆ ಗ್ರಾಂಡ್ ಆಲೇ ರಸ್ತೆಗೇ ಮುಗಿಯುತ್ತದೆ. ಉಳಿದ ರಣಭೂಮಿಯ ಮೇಲೆ ಈಗ ಮನೆ, ಅಂಗಡಿ, ಹೋಟೆಲು ನಿಂತಿವೆ.

ಇನ್ನು ತೋಪುಗಳು. ಅವು ಬೇರೆ ಬೇರೆ ಕಾಲದವು, ಅಲಂಕಾರಕ್ಕೆ ತಂದಿಟ್ಟವು. ಆ ಬೆಳಿಗ್ಗೆ ಬ್ರಿಟಿಷರು ಬಂಡೆ ಹತ್ತಿಸಿ ತಂದದ್ದು ಎರಡೇ ಸಣ್ಣ ಹಿತ್ತಾಳೆ ತೋಪು. ತೋಪು ನೋಡಿ ಯುದ್ಧ ಊಹಿಸಿಕೊಂಡರೆ ಲೆಕ್ಕ ತಪ್ಪುತ್ತದೆ. ನೋಡಬೇಕಾದದ್ದು ನೆಲದ ಏರಿಳಿತವನ್ನು.

ಮುಂದಿನ ಸಲ ಹೀಗೆ ಮಾಡಿ. ಮೊದಲು ನದಿಯ ಕಡೆಯ ಗ್ರೇ ಟೆರೇಸ್‌ಗೆ ಹೋಗಿ ಕೆಳಗೆ ನೋಡಿ. ಸೇಂಟ್ ಲಾರೆನ್ಸ್ ನದಿ ಅಲ್ಲಿ ಸಮುದ್ರದಿಂದ ನೂರಾರು ಕಿಲೋಮೀಟರ್ ಒಳಗಿದ್ದರೂ ಉಬ್ಬರವಿಳಿತ ಜೋರು. ವುಲ್ಫ್‌ನ ದೋಣಿಗಳು ನಡುರಾತ್ರಿಯ ನಂತರ ಇಳಿತದ ಸೆಳೆತಕ್ಕೆ ಮೈಬಿಟ್ಟು ಸದ್ದಿಲ್ಲದೆ ತೇಲಿಬಂದವು. ದಡ ಮುಟ್ಟಿದ್ದು ಊರಿನ ಗೋಡೆಯಿಂದ ಸುಮಾರು 3 ಕಿ.ಮೀ. ಮೇಲ್ಗಡೆ, ಆನ್ಸ್ ಓ ಫೂಲೋಂ ಎಂಬ ಕೊಲ್ಲಿಯಲ್ಲಿ. ಅಲ್ಲಿ ಬಂಡೆಯ ಎತ್ತರ 50 ಮೀಟರಿನ ಮೇಲೆ. ಆ ಏರು ಹೇಗಿತ್ತೆಂದು ಕಾಲಿಗೇ ತಿಳಿಯಬೇಕೆಂದರೆ ಕೋತ್ ಗಿಲ್ಮೂರ್ ಎಂಬ ರಸ್ತೆಯಲ್ಲಿ ಕೆಳಗಿಳಿದು ಮತ್ತೆ ಹತ್ತಿ. ಕೆಳಗಿನ ಕೊಲ್ಲಿಯನ್ನು ಈಗ ತುಂಬಿಸಿಬಿಟ್ಟಿದ್ದಾರೆ. ರಸ್ತೆ, ಬಂದರು ಎಲ್ಲ ಬಂದಿವೆ. ದೋಣಿ ನಿಂತ ಮರಳು ಹುಡುಕಬೇಡಿ.

ಬೆಳಕು ಹರಿಯುವಷ್ಟರಲ್ಲಿ ಮೇಲೆ ಬಂದಿದ್ದ ಬ್ರಿಟಿಷ್ ಸೈನಿಕರು ಸುಮಾರು 4,400. ಬಯಲಿನ ಅಗಲ ತುಂಬಿಸಲು ವುಲ್ಫ್ ಎಂದಿನ ಮೂರು ಸಾಲಿನ ಬದಲು ಎರಡೇ ಸಾಲು ನಿಲ್ಲಿಸಿದ. ಬಂದೂಕಿಗೆ ಒಂದರ ಬದಲು ಎರಡೆರಡು ಗುಂಡು ತುಂಬಿಸಿದ.

ಈಗ ಊರಿನ ಕಡೆಗೆ ಬಂದು, ಮ್ಯೂಸಿಯಂನಿಂದ ಪಶ್ಚಿಮಕ್ಕೆ ಹೋಗುವ ಎತ್ತರದ ನೆಲದ ಮೇಲೆ ಬೆನ್ನನ್ನು ಊರಿಗೆ ಮಾಡಿ ನಿಲ್ಲಿ. ಫ್ರೆಂಚ್ ದಳಪತಿ ಮೊಂಕಾಲ್ಮ್ ಸೇನೆ ನಿಲ್ಲಿಸಿದ್ದು ಈ ದಿಬ್ಬದ ಏಣಿನ ಮೇಲೆ. ಅವನ ಬಳಿಯೂ ಹೆಚ್ಚೂಕಡಿಮೆ ಅಷ್ಟೇ ಜನ. ಸುಮಾರು ಹತ್ತು ಗಂಟೆಗೆ ಇಳಿಜಾರಿನಲ್ಲಿ ನುಗ್ಗಲು ಆಜ್ಞೆ ಕೊಟ್ಟ. ನೀವೂ ಅದೇ ಇಳಿಜಾರಿನಲ್ಲಿ ಸ್ವಲ್ಪ ಬಿರುಸಾಗಿ ಇಳಿದು ನೋಡಿ: ಹೆಜ್ಜೆ ತಾನಾಗಿ ಓಟವಾಗುತ್ತದೆ, ಜೊತೆಯವರು ಹಿಂದೆ ಮುಂದೆ ಆಗುತ್ತಾರೆ. ಅಂದು ಆದದ್ದೂ ಅದೇ. ತರಬೇತಾದ ಸಿಪಾಯಿಗಳ ನಡುವೆ ಊರ ರೈತಪಡೆಯವರನ್ನೂ ಸೇರಿಸಿ ನಿಲ್ಲಿಸಿದ್ದರು. ಪೊದೆ, ಹಳ್ಳಕೊಳ್ಳದ ನೆಲದಲ್ಲಿ ಓಡುತ್ತ ಸಾಲು ಕದಡಿತು. ದೂರದಿಂದಲೇ ಗುಂಡು ಹಾರಿಸಿದರು. ರೈತಪಡೆಯವರು ಕಾಡಿನ ಕಾಳಗದ ರೂಢಿಯಂತೆ ಮತ್ತೆ ಗುಂಡು ತುಂಬಲು ನೆಲಕ್ಕೆ ಮಲಗಿದರು. ಪಕ್ಕದ ಸಿಪಾಯಿಗೆ ಸಾಲಿನಲ್ಲಿ ತೂತು ಬಿದ್ದಂತಾಯಿತು. ಎದುರಿನ ಎರಡು ಸಾಲು ಅಲುಗಾಡದೆ ಕಾದು, 40 ಗಜದ ಆಸುಪಾಸಿಗೆ ಬಂದ ಮೇಲೆ ಒಟ್ಟಿಗೆ ಹಾರಿಸಿತು. ಮುಖಾಮುಖಿ ಕಾಳಗ ಮುಗಿಯಲು ಕಾಲು ಗಂಟೆ ಸಾಕಾಯಿತು.

ಸತ್ತ, ಗಾಯಗೊಂಡವರ ಲೆಕ್ಕ ಎರಡೂ ಕಡೆ ಹೆಚ್ಚೂಕಡಿಮೆ ಸಮ, ಆರುನೂರರ ಮೇಲೆ. ವುಲ್ಫ್ ಅಲ್ಲೇ ಸತ್ತ, ಅವನಿಗೆ 32. ಮೊಂಕಾಲ್ಮ್ ಮರುದಿನ ಬೆಳಗಿನ ಜಾವ ತೀರಿಕೊಂಡ, 47. ಊರು ಶರಣಾದದ್ದು ಸೆಪ್ಟೆಂಬರ್ 18ಕ್ಕೆ.

ನೀವು ಕಂಡ ನುಣುಪು ಹುಲ್ಲು, ಬಳಸಿ ಬಳಸಿ ಹೋಗುವ ರಸ್ತೆ 1759ರದ್ದಲ್ಲ. ಫ್ರೆಡೆರಿಕ್ ಟಾಡ್ ಎಂಬ ಉದ್ಯಾನ ವಿನ್ಯಾಸಕ 1909ರಲ್ಲಿ ಹಾಕಿದ ನಕ್ಷೆಯ ಫಲ. ಅದಕ್ಕೆ ಮುಂಚೆ ಅಲ್ಲಿ ಕುದುರೆ ಜೂಜು, ಬಂದೂಕು ಕಾರ್ಖಾನೆ, ಜೈಲು ಎಲ್ಲವೂ ಇದ್ದವು. ಉರ್ಸುಲೈನ್ ಸನ್ಯಾಸಿನಿಯರಿಗೆ ಸೇರಿದ ಜಾಗದ ಗುತ್ತಿಗೆ ಮುಗಿಯುತ್ತ ಬಂದಾಗ ಎಲ್ಲಿ ಸೈಟು ಮಾಡಿ ಮಾರಿಬಿಡುತ್ತಾರೋ ಎಂಬ ಗಾಬರಿ ಎದ್ದು, 1901ರಲ್ಲಿ ಸರ್ಕಾರ ಕೊಂಡುಕೊಂಡಿತು. ಉದ್ಯಾನದ ಒಟ್ಟು ವಿಸ್ತಾರ ಸುಮಾರು ನೂರು ಹೆಕ್ಟೇರ್. ಅಂದರೆ ನಮ್ಮ ಲಾಲ್‌ಬಾಗಿನಷ್ಟು. ಹಳೆಯ ಜೈಲು ಈಗ ಲಲಿತಕಲೆಗಳ ಮ್ಯೂಸಿಯಂನ ಒಂದು ಭಾಗ. ಒಳಗೆ ಕೆಲವು ಕೋಣೆಗಳನ್ನು ಹಾಗೆಯೇ ಉಳಿಸಿದ್ದಾರೆ.

ಪ್ರಶ್ನೆ: ಅಬ್ರಹಾಂ ಎಂದರೆ ಬೈಬಲ್ಲಿನ ಅಬ್ರಹಾಮನೇ?
– ಪಿಯುಸಿ ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಅಲ್ಲ. ಅಬ್ರಹಾಂ ಮಾರ್ತೆಂ ಎಂಬ, ನದಿಯಲ್ಲಿ ಹಡಗಿಗೆ ದಾರಿ ತೋರುವವನು. 1635ರಲ್ಲಿ ಅವನಿಗೆ ಇಲ್ಲಿ ಜಮೀನು ಸಿಕ್ಕಿತ್ತು. ತಮಾಷೆಯೆಂದರೆ ಅವನ ಹೊಲವಿದ್ದದ್ದು ಇಂದಿನ ಪಾರ್ಕಿನ ಉತ್ತರಕ್ಕೆ, ಮನೆಗಳ ಸಾಲಿನ ಕಡೆ. ಹೆಸರು ಮಾತ್ರ ಇಡೀ ಬಯಲಿಗೆ ಹಬ್ಬಿತು.

ಪ್ರಶ್ನೆ: ಬಯಲಿನ ನಡುವೆ ದುಂಡಗಿನ ಕಲ್ಲಿನ ಬುರುಜುಗಳಿವೆ. ಅವೂ ಆ ಯುದ್ಧದವೇ? ಒಳಗೆ ಬಿಡುತ್ತಾರೆಯೇ?
– ಓದುಗರು, ಚಿತ್ರದುರ್ಗ

ಉತ್ತರ: ಬುರುಜು ಕಂಡರೆ ಚಿತ್ರದುರ್ಗದವರು ಕೇಳದೆ ಇರುತ್ತಾರೆಯೇ! ಯುದ್ಧ ಮುಗಿದು ಅರ್ಧ ಶತಮಾನವಾದ ಮೇಲಿನವು ಅವು. ಅಮೆರಿಕದವರು ಏರಿಬಂದಾರೆಂಬ ಭಯಕ್ಕೆ ಬ್ರಿಟಿಷರು 1808ರಿಂದ 1812ರ ನಡುವೆ ಕಟ್ಟಿಸಿದ ಮಾರ್ಟೆಲ್ಲೊ ಬುರುಜುಗಳು. ಕಟ್ಟಿಸಿದ್ದು ನಾಲ್ಕು. ಒಂದು ಮತ್ತು ಎರಡು ಉದ್ಯಾನದಲ್ಲಿವೆ, ನಾಲ್ಕನೆಯದು ಸೇಂಟ್ ಜಾನ್ ಬ್ಯಾಪ್ಟಿಸ್ಟ್ ಬಡಾವಣೆಯ ಮನೆಗಳ ನಡುವೆ. ಮೂರನೆಯದನ್ನು ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಆಸ್ಪತ್ರೆಗಾಗಿ ಕೆಡವಿದರು.

ಹತ್ತಿರ ಹೋದಾಗ ಗೋಡೆಯ ದಪ್ಪವನ್ನು ಗಮನಿಸಿ. ಶತ್ರು ಬರಬಹುದಾದ ಪಶ್ಚಿಮದ ಕಡೆ ಗೋಡೆ ದಪ್ಪ, ಊರಿನ ಕಡೆ ತೆಳು. ಕಲ್ಲು ಉಳಿಸಲು ಹಾಗೆ ಮಾಡಿದ್ದಲ್ಲ. ಬುರುಜು ಶತ್ರುವಿನ ಕೈಗೆ ಸಿಕ್ಕರೆ ಊರಿನ ಕಡೆಯಿಂದ ತಮ್ಮದೇ ತೋಪು ಹಾರಿಸಿ ಒಡೆಯಲು ಅನುಕೂಲವಾಗಲಿ ಎಂದು. ಬಾಗಿಲು ನೆಲದಿಂದ ಮೇಲಿರುವುದೂ ಲೆಕ್ಕಾಚಾರವೇ. ತಲೆಯ ಮೇಲಿನ ಮರದ ಚಾವಣಿ ಹಿಮ ತಡೆಯಲು. ಯುದ್ಧ ಬಂದರೆ ಕಳಚಿ ತೋಪಿಗೆ ಜಾಗ ಮಾಡಿಕೊಡುವ ಯೋಚನೆ. ಆದರೆ ಈ ಬುರುಜುಗಳ ಮೇಲೆ ಯಾರೂ ದಾಳಿಗೆ ಬರಲೇ ಇಲ್ಲ. ಒಂದನೇ ಬುರುಜನ್ನು ಬೇಸಿಗೆಯಲ್ಲಿ ನೋಡುಗರಿಗೆ ತೆರೆಯುತ್ತಾರೆ. ಒಳಗೆ ಮೆಟ್ಟಿಲು ಕಡಿದು, ಬೆಳಕು ಕಡಿಮೆ.

ಪ್ರಶ್ನೆ: ಜುಲೈ ಮೊದಲ ವಾರದಲ್ಲಿ ರಜೆ ಸಿಗುತ್ತದೆ. ಆಗ ಹೋಗಬಹುದಲ್ಲವೇ?
– ಸಾಫ್ಟ್‌ವೇರ್ ಉದ್ಯೋಗಿ, ಟೊರೊಂಟೊ

ಉತ್ತರ: ಸಂಗೀತ ಬೇಕಿದ್ದರೆ ಹೋಗಿ, ರಣಭೂಮಿ ನೋಡಬೇಕಿದ್ದರೆ ಬೇಡ. ಜುಲೈ ಮೊದಲರ್ಧದಲ್ಲಿ ಹತ್ತು ಹನ್ನೊಂದು ದಿನ ಬೇಸಿಗೆ ಸಂಗೀತೋತ್ಸವ. ಮುಖ್ಯ ವೇದಿಕೆ ಬಯಲಿನಲ್ಲೇ. ಮೇಲೆ ಹೇಳಿದ ಇಳಿಜಾರಿನ ಕಡೆಯೇ ಬೇಲಿ, ಲಾರಿ, ದೀಪದ ಕಂಬ. ಹೋಟೆಲ್ ದರವೂ ಏರಿರುತ್ತದೆ. ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಒಳ್ಳೆಯದು: ಹೂದೋಟ ಇನ್ನೂ ತುಂಬಿರುತ್ತದೆ, ಯುದ್ಧ ನಡೆದ ಋತುವೂ ಅದೇ. ಬಂಡೆಯಂಚಿನಲ್ಲಿ ಗಾಳಿ ಬೀಸುತ್ತಲೇ ಇರುತ್ತದೆ, ಒಂದು ಜಾಕೆಟ್ ಕೈಯಲ್ಲಿರಲಿ. ಟೊರೊಂಟೊದಿಂದ ರಸ್ತೆಯಲ್ಲಿ ಸುಮಾರು 800 ಕಿ.ಮೀ.; ಒಂದೇ ದಿನ ಗಾಡಿ ಓಡಿಸಿ ಬಂದು ಸಂಜೆಗೇ ಪಾರ್ಕ್ ಸುತ್ತುವ ಹಟ ಬೇಡ.

ಪ್ರಶ್ನೆ: ನಾವು ಹೋಗುವುದು ಜನವರಿಯಲ್ಲಿ. ಹಿಮದಲ್ಲಿ ಏನಾದರೂ ಕಾಣುತ್ತದೆಯೇ?
– ಓದುಗರು, ಹಾಸನ

ಉತ್ತರ: ಯುದ್ಧದ ಗುರುತೇನೂ ಕಾಣುವುದಿಲ್ಲ, ನೆಲದ ಏರಿಳಿತ ಮಾತ್ರ ಎಲೆಯಿಲ್ಲದ ಮರಗಳ ನಡುವೆ ಬೇಸಿಗೆಗಿಂತ ಚೆನ್ನಾಗಿ ಕಾಣುತ್ತದೆ. ವರ್ಷಕ್ಕೆ ಸುಮಾರು 3 ಮೀಟರ್ ಹಿಮ ಬೀಳುವ ಊರದು. ಗವರ್ನರುಗಳ ದಾರಿ ಮುಚ್ಚಿರುತ್ತದೆ. ಹತ್ತಿಯ ಕಾಲುಚೀಲ ಒದ್ದೆಯಾದರೆ ಒಣಗುವುದಿಲ್ಲ, ಉಣ್ಣೆಯದ್ದೇ ಹಾಕಿ. ಬೂಟಿನಡಿಗೆ ಸಿಕ್ಕಿಸುವ ಮೊಳೆಪಟ್ಟಿ ಕೊಳ್ಳಿ. ಫೋನು ಒಳಜೇಬಿನಲ್ಲಿರಲಿ, ಹೊರಗಿದ್ದರೆ ಚಳಿಗೆ ಚಾರ್ಜ್ ಸರ್ರನೆ ಇಳಿಯುತ್ತದೆ.

ಒಂದು ಎಚ್ಚರಿಕೆ. ಹಿಮದ ಮೇಲೆ ರೈಲು ಹಳಿಯಂತೆ ಎರಡು ಸಮನಾದ ಗೀರು ಕಂಡರೆ ಅದು ಸ್ಕೀ ದಾರಿ, ಯಂತ್ರದಿಂದ ಕೊರೆದದ್ದು. ಅದರ ಮೇಲೆ ನಡೆಯಬೇಡಿ. ಬೂಟಿನ ಗುಳಿ ರಾತ್ರಿ ಹೆಪ್ಪುಗಟ್ಟಿ ಕಲ್ಲಾಗುತ್ತದೆ, ಮರುದಿನ ಸ್ಕೀ ತುದಿ ಅದಕ್ಕೆ ಸಿಕ್ಕಿ ಯಾರೋ ಮುಗ್ಗರಿಸುತ್ತಾರೆ. ನಡೆಯುವವರಿಗೆ ಬೇರೆ ದಾರಿ ಮಾಡಿರುತ್ತಾರೆ, ಫಲಕ ನೋಡಿ.

ಪ್ರಶ್ನೆ: ಸಸ್ಯಾಹಾರಿಗಳಿಗೆ ಅಲ್ಲಿ ಊಟ ಸಿಗುತ್ತದೆಯೇ?
– ಗೃಹಿಣಿ, ಉಡುಪಿ

ಉತ್ತರ: ಪಾರ್ಕಿನ ಪಕ್ಕದ ಕಾರ್ತಿಯೇ ಅವೆನ್ಯೂದಲ್ಲಿ ಹೋಟೆಲು, ಬೇಕರಿ, ದಿನಸಿ ಅಂಗಡಿ ಎಲ್ಲ ಇವೆ. ಪೂಟೀನ್ ಎಂಬ ಆಲೂಗಡ್ಡೆ–ಚೀಸ್ ತಿಂಡಿಯನ್ನು ಸಸ್ಯಾಹಾರವೆಂದು ನಂಬಬೇಡಿ. ಮೇಲೆ ಸುರಿಯುವ ಕಂದು ಗ್ರೇವಿ ಸಾಮಾನ್ಯವಾಗಿ ಕೋಳಿ ಅಥವಾ ದನದ ಮಾಂಸದ ಸಾರಿನದು. ‘ಸಾನ್ ವಿಯಾಂದ್?’ (ಮಾಂಸ ಇಲ್ಲವೇ?) ಎಂದಷ್ಟೇ ಕೇಳಿದರೆ ಸಾರಿನ ವಿಷಯ ಹೇಳದೆ ಹೋಗಬಹುದು, ಗ್ರೇವಿಯನ್ನೇ ಬೊಟ್ಟು ಮಾಡಿ ಕೇಳಿ.

ಪ್ರಶ್ನೆ: ಅಲ್ಲಿನ ಯುದ್ಧಕ್ಕೂ ನಮ್ಮ ಕಡೆಗೂ ಏನಾದರೂ ನಂಟಿದೆಯೇ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಇದೆ. ಅದು ಏಳು ವರ್ಷಗಳ ಯುದ್ಧದ ಒಂದು ಅಂಗಳ. ಇನ್ನೊಂದು ಅಂಗಳ ದಕ್ಷಿಣ ಭಾರತ. ಕ್ವಿಬೆಕ್ ಬಿದ್ದ ನಾಲ್ಕು ತಿಂಗಳಿಗೆ, 1760ರ ಜನವರಿಯಲ್ಲಿ, ವಂದವಾಸಿಯಲ್ಲಿ ಫ್ರೆಂಚರು ಬ್ರಿಟಿಷ್ ಸೇನಾನಿ ಐರ್ ಕೂಟ್‌ಗೆ ಸೋತರು. ಪುದುಚೇರಿಗೆ ಕುತ್ತು ಬಂದಾಗ ನೆರವಿಗೆ ಸೇನೆ ಕಳುಹಿಸಿದವನು ಹೈದರ್ ಅಲಿ. ಆದರೂ 1761ರಲ್ಲಿ ಪುದುಚೇರಿ ಬಿತ್ತು. 1763ರ ಪ್ಯಾರಿಸ್ ಒಪ್ಪಂದದಲ್ಲಿ ಫ್ರೆಂಚರಿಗೆ ಪುದುಚೇರಿ ವಾಪಸ್ ಸಿಕ್ಕಿತು, ಕೆನಡಾ ಸಿಗಲಿಲ್ಲ. ಅದೇ ಕೂಟ್ 1781ರಲ್ಲಿ ಪೋರ್ಟೊ ನೋವೊದಲ್ಲಿ ಹೈದರನಿಗೇ ಎದುರಾದ.

ಪ್ರಶ್ನೆ: ಸೋತವರ ಊರಿನಲ್ಲಿ ಗೆದ್ದವನಿಗೆ ಸ್ಮಾರಕವೇ? ಅಲ್ಲಿನ ಫ್ರೆಂಚ್ ಜನ ಸುಮ್ಮನಿದ್ದಾರೆಯೇ?
– ಓದುಗರು, ಬೆಳಗಾವಿ

ಉತ್ತರ: ಬೆಳಗಾವಿಯಿಂದ ಬಂದ ಪ್ರಶ್ನೆ, ಕಾರಣ ಬಿಡಿಸಿ ಹೇಳಬೇಕಿಲ್ಲ. ಸುಮ್ಮನಿರಲಿಲ್ಲ. ವುಲ್ಫ್ ಕಂಬವನ್ನು 1963ರಲ್ಲಿ ಕ್ವಿಬೆಕ್ ಪ್ರತ್ಯೇಕತಾವಾದಿಗಳು ಉರುಳಿಸಿದರು. 1965ರಲ್ಲಿ ಮತ್ತೆ ನಿಲ್ಲಿಸಿದಾಗ ‘ವುಲ್ಫ್ ಇಲ್ಲಿ ವಿಜಯಿಯಾಗಿ ಮಡಿದ’ ಎಂಬ ಹಳೆಯ ಬರಹದಿಂದ ‘ವಿಜಯಿಯಾಗಿ’ ಎಂಬ ಮಾತನ್ನು ಬಿಟ್ಟರು. ಕಂಬದ ಬುಡದಲ್ಲಿ ಓದಿ ನೋಡಬಹುದು. 2009ರಲ್ಲಿ 250ನೇ ವರ್ಷಕ್ಕೆ ಯುದ್ಧವನ್ನು ಮರುನಟಿಸುವ ಏರ್ಪಾಡಾಗಿತ್ತು. ಪ್ರತಿಭಟನೆ ಜೋರಾಗಿ ಕೈಬಿಟ್ಟರು. ಮೊಂಕಾಲ್ಮ್‌ಗೂ ಗ್ರಾಂಡ್ ಆಲೇ ಬದಿಯಲ್ಲಿ 1911ರ ಪ್ರತಿಮೆಯಿದೆ.

ಸಮಯವಿದ್ದರೆ ಸೆಂತ್ ಫ್ವಾ ರಸ್ತೆಯ ಪಾರ್ಕ್ ದೆ ಬ್ರಾವ್‌ಗೂ ಹೋಗಿ. ಅದೂ ಇದೇ ಉದ್ಯಾನದ ಭಾಗ, ನಡುವೆ ಬಡಾವಣೆ ಇದೆ. 1760ರ ಏಪ್ರಿಲ್ 28ರಂದು ಫ್ರೆಂಚ್ ಸೇನಾನಿ ಲೆವಿ ಅಲ್ಲಿ ಬ್ರಿಟಿಷರ ಮರ್ರೆಯನ್ನು ಸೋಲಿಸಿದ. ಹಿಂದಿನ ವರ್ಷದ್ದಕ್ಕಿಂತ ಹೆಚ್ಚು ನೆತ್ತರು ಹರಿದ ಕಾಳಗ. ಮೇ ತಿಂಗಳಲ್ಲಿ ನದಿಗೆ ಮೊದಲು ಬಂದದ್ದು ಬ್ರಿಟಿಷ್ ಹಡಗುಗಳು, ಹಾಗಾಗಿ ಲೆವಿ ಊರಿಗೆ ಹಾಕಿದ್ದ ಮುತ್ತಿಗೆ ಬಿಟ್ಟು ಹಿಂದೆ ಸರಿದ. ಪ್ರವಾಸಿಗಳು ಅತ್ತ ಸುಳಿಯುವುದು ಕಡಿಮೆ. ಅಲ್ಲಿನ 1863ರ ಕಂಬದಲ್ಲಿ ಇಬ್ಬರ ಹೆಸರನ್ನೂ ಕೆತ್ತಿದ್ದಾರೆ. ಒಂದು ಬದಿಗೆ ಲೆವಿ, ಇನ್ನೊಂದು ಬದಿಗೆ ಮರ್ರೆ.